ನಲವತ್ತೊಂದರ ಬೂಟು

ಡಿಸೆಂಬರ್ ಮೊದಲ ವಾರ ಮಾರ್ಕೆತ್ತಾ ನನ್ನನ್ನು ತನ್ನ ಕೋಣೆಗೆ ಕರೆದಾಗ, ಕೆಲಸ ಹೋಯಿತೆಂದೇ ತಿಳಿದು ಏಪ್ರನ್ ಬಿಚ್ಚಿಟ್ಟು ಹೋಗಿದ್ದೆ. ಅವಳು ನಮ್ಮ ಶಿಶುವಿಹಾರದ ಮುಖ್ಯಸ್ಥೆ. ನಾನು ಹೆರಿಗೆ ರಜೆಗೆ ಹೋದವರೊಬ್ಬರ ಜಾಗದಲ್ಲಿ ಕ್ರಿಸ್‌ಮಸ್‌ವರೆಗೆ ಇರಬೇಕಾದವಳು.

"ಸೈಮಿ, ಜನವರಿಯಿಂದ ಬೆಳಗಿನ ಬಾಗಿಲು ತೆಗೆಯೋರು ಬೇಕು," ಎಂದಳು. "ಆರಕ್ಕೆ ಇಲ್ಲಿರಬೇಕು. ಆರೂಕಾಲಿಗೆಲ್ಲ ಆಸ್ಪತ್ರೆಯ ನರ್ಸಮ್ಮಂದಿರು ಮಕ್ಕಳನ್ನ ತಂದು ಬಿಡ್ತಾರೆ. ಆ ಪಾಳಿ ತಗೊಂಡ್ರೆ ಕೆಲಸ ಖಾಯಂ. ಹೇಗೆ ಬರ್ತೀಯಾ?"

"ಸೈಕಲ್."

"ಎಷ್ಟು ದೂರ?"

"ಎಂಟು ಕಿಲೋಮೀಟರ್."

ಅವಳು ತಲೆಯಾಡಿಸಿದಳು. ಉತ್ತರ ಧ್ರುವದ ಕಡೆಯ ನಮ್ಮ ಔಲು ಪಟ್ಟಣದಲ್ಲಿ ಇದೇನೂ ಹುಬ್ಬೇರಿಸುವ ಮಾತಲ್ಲ. ಇಲ್ಲಿ ಮೈನಸ್ ಇಪ್ಪತ್ತರಲ್ಲಿ ಏಳು ವರ್ಷದ ಮಕ್ಕಳು ಶಾಲೆಗೂ, ಎಪ್ಪತ್ತು ದಾಟಿದವರು ಈಜುಕೊಳಕ್ಕೂ ಸೈಕಲ್ಲಿನಲ್ಲೇ ಹೋಗುತ್ತಾರೆ. ಮೊದಲ ಬಸ್ಸು ಬಂದು ಮುಟ್ಟುವುದು ಆರು ನಲವತ್ತಕ್ಕೆ. ನನಗೆ ಕಾರು ಓಡಿಸಲು ಬರುವುದಿಲ್ಲ. ಹಾಗಾಗಿ ಸೈಕಲ್ ಎಂದದ್ದು ಸುಳ್ಳಲ್ಲ. ಹೇಳದೆ ಬಿಟ್ಟದ್ದು ಮಾತ್ರ ಒಂದಿತ್ತು.

ಹೋದ ಚಳಿಗಾಲ ನನ್ನ ಬಲಗಾಲಿನ ಎರಡು ಬೆರಳು ಮೇಣದಂತೆ ಬಿಳಿಚಿಕೊಂಡಿದ್ದವು. ಆರೋಗ್ಯ ಕೇಂದ್ರದ ದಾದಿ ಅವನ್ನು ಅಂಗೈಯಲ್ಲಿ ಹಿಡಿದು, "ಒಮ್ಮೆ ಹೆಪ್ಪುಗಟ್ಟಿದ ಬೆರಳು ಚಳಿನ ಮರೆಯಲ್ಲಮ್ಮ. ಇನ್ನೊಂದು ಸಲ ಹೀಗಾದ್ರೆ ಚಳಿಗಾಲದ ಸೈಕಲ್ ಬಿಟ್ಟುಬಿಡು, ಬೆರಳು ಉಳಿಸ್ಕೋ," ಎಂದಿದ್ದಳು. ಮೀನುಗಾರರ ಊರಲ್ಲಿ ಹುಟ್ಟಿ ಈಜು ಬಾರದವಳಂತೆ ನನಗೆ ನಾಚಿಕೆಯಾಗಿತ್ತು. ಅಮ್ಮನಿಗೂ ಹೇಳಲಿಲ್ಲ. ದಿನಚರಿಯಲ್ಲಿ ಬರೆದೆ, ಅಷ್ಟೆ. ನಾನು ಬಾಯಲ್ಲಿ ಹೇಳಲಾಗದ್ದೆಲ್ಲ ಅಲ್ಲಿಗೇ ಹೋಗುತ್ತದೆ. ವಿಶ್ವವಿದ್ಯಾಲಯದ ನಾಲ್ಕು ವರ್ಷವೂ ಹಾಗೆಯೇ ಕಳೆದಿದ್ದವು.

ಆ ಸಂಜೆಯೇ ಬೂಟು ಕೊಳ್ಳಲು ಹೋದೆ. ಅಂಗಡಿಯವನು ಒಳ್ಳೆಯ ಚಳಿಗಾಲದ ಬೂಟು ತಂದ. ನನ್ನ ಕಾಲಿನ ಅಳತೆ ಮೂವತ್ತೆಂಟು. ಅವನು ತಂದದ್ದೂ ಮೂವತ್ತೆಂಟು. ಹಾಕಿಕೊಂಡು ನಿಂತೆ.

"ಸರಿಹೋಯ್ತಾ?"

ಬೆರಳಿನ ತುದಿ ಚರ್ಮಕ್ಕೆ ತಾಗುತ್ತಿತ್ತು. ಒಂದು ಸೈಜ್ ದೊಡ್ಡದು ತನ್ನಿ ಎನ್ನಲು ಬಾಯಿ ತೆರೆದೆ. ಆದರೆ ಅವನು ಆಗಲೇ ಮೂರು ಪೆಟ್ಟಿಗೆ ಇಳಿಸಿದ್ದ, ಹಿಂದೆ ಇನ್ನಿಬ್ಬರು ಕಾಯುತ್ತಿದ್ದರು. ತಲೆಯಾಡಿಸಿದೆ. ನನ್ನ ಬದುಕಿನಲ್ಲಿ ಎಷ್ಟು ತಪ್ಪುಗಳು ಈ ಒಂದು ತಲೆಯಾಟದಿಂದ ಆಗಿವೆಯೋ ಲೆಕ್ಕವಿಲ್ಲ.

ಕ್ರಿಸ್‌ಮಸ್‌ಗೆ ಮೊದಲು ಒಂದು ವಾರ ಆ ಬೆಳಗಿನ ಪಾಳಿಯ ಹೊತ್ತಿಗೇ ಸೈಕಲ್ ಹೊಡೆದು ನೋಡುವುದೆಂದು ನನಗೆ ನಾನೇ ಪರೀಕ್ಷೆ ಇಟ್ಟುಕೊಂಡೆ. ಅಜ್ಜಿ ಹೆಣೆದುಕೊಟ್ಟ ದಪ್ಪ ಉಣ್ಣೆಯ ಕಾಲುಚೀಲ ಎರಡು ಜೊತೆ, ಒಂದರ ಮೇಲೊಂದು. ಮೇಲೆ ಮೊಣಕಾಲವರೆಗಿನ ಹಕ್ಕಿಗರಿ ತುಂಬಿದ ಕೋಟು. ಒಳಗೆ ಹತ್ತಿಯ ಅಂಗಿ, ಅದರ ಮೇಲೆ ಎರಡು ಸ್ವೆಟರ್. ಕನ್ನಡಿಯಲ್ಲಿ ಹಾಸಿಗೆಯ ಸುರುಳಿಯೊಂದು ನನ್ನ ಮುಖ ಇಟ್ಟುಕೊಂಡು ನಿಂತಂತಿತ್ತು. ದಿನಚರಿಯಲ್ಲಿ ಆ ವಾರದ ಬರಹ ಹೀಗಿದೆ:

ಸೋಮವಾರ, ಮೈನಸ್ ಒಂಬತ್ತು. ಬೆನ್ನು ಬೆವರಿತು. ಬೆರಳು ಹತ್ತೂ ಇವೆ.

ಮಂಗಳವಾರ, ಮೈನಸ್ ಹನ್ನೆರಡು. ರೈಲುಹಳಿಯ ಕೆಳಗಿನ ಸುರಂಗ ದಾಟುವಾಗ ಬಲಗಾಲಿನ ಕಿರುಬೆರಳು ಮರಗಟ್ಟಿ ಹೋಯಿತು. ಬಟ್ಟೆ ಬದಲಿಸುವಾಗ ಜೀವ ಬಂತು.

ಬುಧವಾರ, ಮೈನಸ್ ಹದಿನೇಳು. ಮೂರು ಜೊತೆ ಕಾಲುಚೀಲ ಹಾಕಿದೆ. ಸೇತುವೆಯ ಮೇಲೇ ನಾಲ್ಕು ಹೋದವು.

ಬುಧವಾರ ನಡೆದದ್ದು ಅಷ್ಟೇ ಅಲ್ಲ. ಶಿಶುವಿಹಾರ ಮುಟ್ಟಿ ಮಕ್ಕಳ ಪುಟ್ಟ ಬೆಂಚಿನ ಮೇಲೆ ಕೂತು ಬೂಟು ಕಿತ್ತೆ. ಬೆರಳುಗಳಿಗೆ ರಕ್ತ ಮರಳುವಾಗ ಸೂಜಿಗಳ ಗೂಡಿಗೆ ಕಾಲಿಟ್ಟಂತಾಯಿತು. ಅಳುವುದಿಲ್ಲವೆಂದುಕೊಂಡೇ ಅತ್ತೆ. ಆಗ ಅಡುಗೆಮನೆಯ ಬಾಗಿಲು ತೆರೆದು ತೆಲ್ಲೆರ್ವೋ ಬಂದಳು.

ತೆಲ್ಲೆರ್ವೋ ನಮ್ಮ ಅಡುಗೆಯವಳು. ಅರವತ್ತೆರಡು ವರ್ಷ. ಮೂವತ್ತೊಂದು ಚಳಿಗಾಲ ಅದೇ ಕೆಂಪು ಸೈಕಲ್ಲಿನಲ್ಲಿ ಬಂದವಳು. ಅವಳ ನಾಲಿಗೆಗೆ ಮಾರ್ಕೆತ್ತಾಳೂ ಹೆದರುತ್ತಾಳೆ. ತೆಲ್ಲೆರ್ವೋ ನೇರ ನನ್ನ ಮುಂದೆ ಬಂದಳು. ನನ್ನ ಬೂಟನ್ನು ಎತ್ತಿ ತಿರುಗಿಸಿ ನೋಡಿದಳು, ಒಳಗೆ ಕೈ ಹಾಕಿದಳು.

"ಇದು ಬೂಟಾ, ಮೀನಿನ ಡಬ್ಬಿನಾ?" ಎಂದಳು. "ಹಾಕ್ಕೋ ನೋಡೋಣ."

ಹಾಕಿಕೊಂಡೆ. ಅವಳು ಮೊಣಕಾಲೂರಿ ಬೂಟಿನ ತುದಿಯನ್ನು ಹೆಬ್ಬೆರಳಿಂದ ಒತ್ತಿದಳು. ನಾನು ದಿನಕ್ಕೆ ಇಪ್ಪತ್ತೆರಡು ಮಕ್ಕಳಿಗೆ ಮಾಡುವುದೂ ಅದನ್ನೇ. ತುದಿಯಲ್ಲಿ ಒಂದು ಹೆಬ್ಬೆರಳಿನ ಜಾಗ ಇಲ್ಲದಿದ್ದರೆ ಮಗುವನ್ನು ಅಂಗಳಕ್ಕೆ ಬಿಡದೆ, ಆ ಬೂಟನ್ನು ಮನೆಗೆ ಕಳಿಸಿ, ಅಪ್ಪಅಮ್ಮಂದಿರಿಗೆ ಚೀಟಿ ಬರೆಯುತ್ತೇನೆ.

"ಐಲಾನ ಅಮ್ಮಂಗೆ ಹೋದ ವಾರ ಚೀಟಿ ಬರೆದೋಳು ಯಾರು?" ತೆಲ್ಲೆರ್ವೋ ಕೇಳಿದಳು.

"ನಾನು."

"ನಿಂಗೆ ಯಾರು ಬರೀಬೇಕು? ನಾನಾ?"

ಅಳು ಬಂದ ಜಾಗದಲ್ಲೇ ನಗೆಯೂ ಬಂತು. ಮೂಗು ಒರೆಸಿಕೊಳ್ಳುತ್ತಾ, "ಮೂರು ಜೊತೆ ಉಣ್ಣೆ ಹಾಕಿದ್ದೀನಿ," ಎಂದೆ.

"ಅದಕ್ಕೇ ಹೆಪ್ಪುಗಟ್ಟಿದ್ದು. ಉಣ್ಣೆಗೆ ಉಸಿರಾಡೋಕೆ ಜಾಗ ಇಲ್ಲ, ರಕ್ತಕ್ಕೆ ಓಡಾಡೋಕೆ ದಾರಿ ಇಲ್ಲ. ಚಳಿಯಾಯ್ತು ಅಂತ ಇನ್ನೊಂದು ತುರುಕ್ತೀಯ, ಬೂಟು ಇನ್ನೂ ಬಿಗಿ ಆಗತ್ತೆ, ಇನ್ನೂ ಚಳಿ. ಈ ಊರಿನ ಅಜ್ಜಿಯರೆಲ್ಲ ಪ್ರೀತಿ ಜಾಸ್ತಿಯಾಗಿ ದಪ್ಪ ಹೆಣೀತಾರೆ, ಮೊಮ್ಮಕ್ಕಳೆಲ್ಲ ಮರ್ಯಾದೆಗೆ ಅಷ್ಟನ್ನೂ ಹಾಕ್ಕೋತಾರೆ." ಆಮೇಲೆ ನನ್ನ ಕೊರಳಪಟ್ಟಿಯೊಳಗೆ ಕೈ ಇಟ್ಟು, "ಇದೇನೇ ಇದು! ಬೆನ್ನು ಒದ್ದೆಮುದ್ದೆ. ಸೌನಾದ ಹಬೆಕೋಣೆಯಿಂದ ಎದ್ದು ಬಂದ್ಯಾ?" ಎಂದಳು.

ನಾನು ಯಾರಿಗೂ ಹೇಳದ್ದನ್ನು ಆಗ ಅವಳಿಗೆ ಹೇಳಿದೆ. ಬೆರಳು, ದಾದಿಯ ಮಾತು, ಜನವರಿ, ಖಾಯಂ ಕೆಲಸ. ಒಂದೇ ಉಸಿರಿಗೆ, ನೆಲ ನೋಡುತ್ತಾ ಹೇಳಿದೆ. ಅವಳು ಗೊಣಗಲಿಲ್ಲ, ಮುದ್ದಿಸಲೂ ಇಲ್ಲ.

"ಶನಿವಾರ ಹತ್ತು ಗಂಟೆಗೆ ಹಳೇ ಸಾಮಾನಿನ ಸಂತೆ ಹತ್ರ ಬಾ," ಎಂದಳು.

ಸಂತೆಯಲ್ಲಿ ಅವಳು ಗಂಡಸರ ಸಾಲಿಗೆ ನೇರ ನಡೆದಳು. ಒಳಗೆ ಬೂದು ಬಣ್ಣದ ಕಂಬಳಿಯ ಚೀಲವಿದ್ದ, ಬೇಕೆಂದಾಗ ಆ ಚೀಲವನ್ನು ಹೊರತೆಗೆದು ಒಣಗಿಸಬಹುದಾದ, ರಬ್ಬರಿನ ಅಟ್ಟೆಯ ಬೂಟು. ಯಾರೋ ಹೆಪ್ಪುಗಟ್ಟಿದ ಕೆರೆಯ ಮೇಲೆ ಕೂತು ಮೀನು ಹಿಡಿಯುತ್ತಿದ್ದವನದ್ದಿರಬೇಕು. ನಲವತ್ತೊಂದು.

"ಮೂರು ಸೈಜ್ ದೊಡ್ಡದು," ಎಂದು ಪಿಸುಗುಟ್ಟಿದೆ.

"ಒಂದು ಕಾಲುಚೀಲಕ್ಕೆ, ಒಂದು ಒಳಗಿನ ಕಂಬಳಿಗೆ, ಒಂದು ಬರೀ ಗಾಳಿಗೆ. ಕಾಲು ಬೆಚ್ಚಗಿಡೋದು ಗಾಳಿ, ಹುಡುಗೀ. ಬೆರಳು ಆಡಿಸು. ಆಡ್ತಾವಾ?"

"ಆಡ್ತಾವೆ."

"ಪಿಯಾನೊ ಬಾರಿಸೋ ಹಾಗೆ?"

"ಹೂಂ."

"ಹಾಗಾದ್ರೆ ಸರಿ. ಚಂದ ಕಾಣಬೇಕಾದ್ರೆ ಜುಲೈವರೆಗೆ ಕಾಯಿ."

ಮಾರುವವನು ನಕ್ಕ. ನನ್ನ ಕಿವಿ ಬಿಸಿಯಾಯಿತು. ಆದರೂ ಈ ಸಲ ತಲೆಯಾಡಿಸುವ ಮೊದಲು ಕೂತು, ಎದ್ದು, ಸಾಲಿನ ಆ ತುದಿಯವರೆಗೆ ನಡೆದು ನೋಡಿದೆ. ಇಷ್ಟು ಮಾಡಲು ನನಗೆ ಇಪ್ಪತ್ತನಾಲ್ಕು ವರ್ಷ ಬೇಕಾಯಿತು.

ಮೈಗೆ ಏನು ಹಾಕಬೇಕೆಂಬುದನ್ನು ಅವಳು ದಾರಿಯಲ್ಲಿ ಹೇಳಿದಳು. ಮೈಗಂಟಿ ತೆಳು ಉಣ್ಣೆ. ಅದರ ಮೇಲೆ ಒಂದೇ ಒಂದು ಸ್ವೆಟರ್. ಹೊರಗೆ ಗಾಳಿ ತಡೆಯುವ ತೆಳು ಜಾಕೆಟ್. ಕೈಗೆ ಬೆರಳುಗಳ ವಿಂಗಡವಿಲ್ಲದ ದೊಡ್ಡ ಗವಸು, ಏಕೆಂದರೆ ಬೆರಳುಗಳೂ ಒಂದೇ ಮನೆಯಲ್ಲಿದ್ದರೆ ಒಂದನ್ನೊಂದು ಕಾಯುತ್ತವೆ. ಬೆವರು ಹೀರಿ ಒದ್ದೆಯಾಗಿಯೇ ಉಳಿಯುವ ಹತ್ತಿಯ ಬಟ್ಟೆಯ ಹೆಸರೆತ್ತಿದ್ದಕ್ಕೆ ನಡುಬೀದಿಯಲ್ಲೇ ನಿಂತು ನನ್ನನ್ನು ನೋಡಿದಳು.

"ಮನೆ ಬಾಗಿಲಲ್ಲಿ ಸ್ವಲ್ಪ ನಡುಗಬೇಕು," ಎಂದಳು. "ಬಾಗಿಲಲ್ಲೇ ಬೆಚ್ಚಗಿದ್ಯೋ, ಸೇತುವೆ ಹೊತ್ತಿಗೆ ಬೆವರ್ತೀಯ, ಮುಟ್ಟೋ ಹೊತ್ತಿಗೆ ಹೆಪ್ಪುಗಟ್ತೀಯ. ಮೊದಲ ಕಿಲೋಮೀಟರು ಬೈಕೋತಾ ಹೋಗು. ಯಾರನ್ನ ಬೇಕಾದ್ರೂ. ನಾನು ನನ್ನ ನಾದಿನೀನ ಬೈಕೋತೀನಿ."

ರಜೆಯ ದಿನಗಳು ಮೆತ್ತಗೆ ಹೋದವು, ಬರೀ ಮೈನಸ್ ಐದು, ಆರು. ಬೂಟನ್ನು ಪರೀಕ್ಷಿಸುವ ಚಳಿಯೇ ಬರಲಿಲ್ಲ. ಜನವರಿ ಏಳು ನನ್ನ ಮೊದಲ ಪಾಳಿ. ಆರರ ಮಧ್ಯಾಹ್ನ ಆಕಾಶ ಗಾಜಿನಂತೆ ತಿಳಿಯಾಯಿತು. ಇಲ್ಲಿಯವರು ಹೆದರುವುದು ಮೋಡಕ್ಕಲ್ಲ, ಆ ತಿಳಿಗೆ. ಮಾರ್ಕೆತ್ತಾಳ ಸಂದೇಶ ಬಂತು: "ನಾಳೆ ಮೈನಸ್ ಇಪ್ಪತ್ತೊಂಬತ್ತಂತೆ. ಬೇಕಿದ್ರೆ ನಾನು ಕಾರಲ್ಲಿ ಹೋಗಿ ತೆಗೀತೀನಿ. ಈಗಲೇ ಹೇಳು."

ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದಳು. ಆದರೆ ಮೊದಲ ದಿನವೇ ಹೂಂ ಎಂದರೆ, ಚಳಿ ಹೆಚ್ಚಾದ ಪ್ರತಿ ದಿನವೂ ಹೂಂ ಎನ್ನಬೇಕಾಗುತ್ತದೆ. ಫೆಬ್ರವರಿಗೆ ಆ ಪಾಳಿ ಕಾರಿರುವವರದ್ದಾಗುತ್ತದೆ. ಬೇಡವೆಂದರೆ, ಪಣಕ್ಕಿರುವುದು ನನ್ನ ಎರಡು ಬೆರಳು. ಫೋನನ್ನು ಮೇಜಿನ ಮೇಲಿಟ್ಟು ಅರ್ಧ ಗಂಟೆ ಅದನ್ನೇ ನೋಡಿದೆ. ಕೊನೆಗೆ, "ಬರ್ತೀನಿ," ಎಂದಷ್ಟೇ ಬರೆದೆ.

ಬೆಳಿಗ್ಗೆ ಐದಕ್ಕೆ ಬಾಗಿಲಲ್ಲಿ ನಿಂತಾಗ ನಡುಗಿದೆ. ಉಸಿರು ಮೂಗಿನೊಳಗೇ ಚಟಚಟ ಎಂದಿತು. ಕಾಲಲ್ಲಿ ಒಂದು ತೆಳು, ಒಂದು ದಪ್ಪ ಕಾಲುಚೀಲ, ಸುತ್ತ ಖಾಲಿ ಜಾಗ. ಬೂಟು ಪೆಡಲಿನ ಮೇಲೆ ದೋಣಿಯಂತೆ ಕೂತಿತು. ಮೊದಲ ಕಿಲೋಮೀಟರು ಬೈಯಲು ಯಾರೂ ಸಿಗದೆ ಆ ಅಂಗಡಿಯವನನ್ನು ಬೈದೆ. ಪಾಪ, ಅವನದ್ದೇನೂ ತಪ್ಪಿರಲಿಲ್ಲ.

ಹಿಮದ ದಾರಿ ಗಟ್ಟಿಯಾಗಿ, ಚಕ್ರದ ಕೆಳಗೆ ಹೊಸ ಚರ್ಮದಂತೆ ಕಿರುಗುಟ್ಟುತ್ತಿತ್ತು. ಸೇತುವೆ ಬಂತು. ಬಲಗಾಲಿನ ಬೆರಳು ಆಡಿಸಿದೆ. ಒಂದು, ಎರಡು, ಮೂರು, ನಾಲ್ಕು, ಐದು. ಇದ್ದವು. ಸುರಂಗ ಬಂತು. ಇದ್ದವು. ಬೆನ್ನು ಒಣಗಿಯೇ ಇತ್ತು. ಜೋರಾಗಿ ನಕ್ಕುಬಿಟ್ಟೆನೋ ಏನೋ, ಎದುರಿಗೆ ಬಂದ ಸೈಕಲ್ಲಿನವರು ತಲೆ ತಿರುಗಿಸಿದರು.

ಶಿಶುವಿಹಾರ ಇನ್ನೂ ಎರಡು ಕಿಲೋಮೀಟರ್ ಇರುವಾಗ ಪೆಡಲು ಒಮ್ಮೆಲೇ ಹಗುರಾಯಿತು. ತುಳಿದೆ, ಅದು ಗರಗರ ತಿರುಗಿತು, ಚಕ್ರಕ್ಕೆ ಬಲ ಮುಟ್ಟಲಿಲ್ಲ. ಹಿಂದಿನ ಗಾಲಿಯೊಳಗಿನ ಗ್ರೀಸು ಕಲ್ಲಾಗಿ ಹಲ್ಲುಗಳು ಹಿಡಿತ ಬಿಟ್ಟಿದ್ದವು. ಇಂಥ ಚಳಿಯಲ್ಲಿ ಆಗುವಂಥದ್ದೇ. ಮನೆಯೊಳಗೆ ತಂದು ಬೆಚ್ಚಗಾಗಿಸುವವರೆಗೆ ಮದ್ದಿಲ್ಲ. ಗಡಿಯಾರ ಐದು ಮೂವತ್ತೆಂಟು. ನಡೆದರೆ ಆರು ದಾಟುತ್ತದೆ. ನರ್ಸೊಬ್ಬಳು ಮಗುವನ್ನು ಎತ್ತಿಕೊಂಡು ಕತ್ತಲ ಬಾಗಿಲ ಮುಂದೆ ನಿಂತದ್ದು ಕಣ್ಣಿಗೆ ಕಟ್ಟಿತು. ಮಾರ್ಕೆತ್ತಾಳಿಗೆ ಫೋನ್ ಮಾಡಲೇ? ಕೈಗವಸು ಕಿತ್ತು ಫೋನು ಹಿಡಿದೆ. ಬೆರಳ ತುದಿಗೆ ಚಳಿ ಕಚ್ಚಿತು.

ಆಗ ಹಳ್ಳಿಯ ಮುದುಕಿಯರು ಹಾಲಿಗೆ ಹೋಗುವ, ಕಬ್ಬಿಣದ ಪಟ್ಟಿಗಳ ಮೇಲೆ ಹಿಮದಲ್ಲಿ ಸಾಗುವ ಜಾರುಕುರ್ಚಿ ನೆನಪಾಯಿತು. ಒಂದು ಕಾಲು ಹಿಂದಿನ ಪಟ್ಟಿಯ ಮೇಲೆ, ಇನ್ನೊಂದರಿಂದ ನೆಲ ಒದೆಯುತ್ತಾ ಅವರು ಬಾಣದಂತೆ ಹೋಗುತ್ತಾರೆ. ಫೋನು ಒಳಗಿಟ್ಟೆ. ಎಡಗಾಲನ್ನು ಎಡಗಡೆಯ ಪೆಡಲಿನ ಮೇಲೂರಿ ಬಲಗಾಲಿಂದ ಹಿಮವನ್ನು ಒದ್ದೆ. ಸೈಕಲ್ ಮುಂದೆ ಜಾರಿತು. ಇನ್ನೊಂದು ಒದೆ. ಮೂವತ್ತೆಂಟರ ಬೂಟಿನಲ್ಲಿ ಹೀಗೆ ಒದೆಯಲು ಪಾದ ಬಗ್ಗುತ್ತಿರಲಿಲ್ಲ. ಇದರೊಳಗೆ ಪಾದ ತನ್ನ ಪಾಡಿಗೆ ಬಗ್ಗಿ ನೆಲ ಹಿಡಿಯುತ್ತಿತ್ತು. ಐವತ್ತು ಒದೆಗೊಮ್ಮೆ ಪಕ್ಕ ಬದಲಿಸಿ ಕಾಲು ಬದಲಿಸಿದೆ. ಬೆವರು ಬರುವ ಹಾಗಾದಾಗ ಜಾಕೆಟ್ಟಿನ ಕೊರಳು ಬಿಚ್ಚಿದೆ. ಕೂದಲು, ರೆಪ್ಪೆ, ಕಂಠವಸ್ತ್ರ ಎಲ್ಲ ಬೆಳ್ಳಗಾದವು. ನನ್ನನ್ನು ಯಾರು ನೋಡಿದರು, ಹೇಗೆ ಕಂಡೆ ಎಂಬ ಯೋಚನೆ ಆ ಎರಡು ಕಿಲೋಮೀಟರಿನಲ್ಲಿ ಒಮ್ಮೆಯೂ ಬರಲಿಲ್ಲ ಎಂಬುದು ಆಮೇಲೆ ಹೊಳೆಯಿತು.

ಐದು ಐವತ್ತೇಳಕ್ಕೆ ಬೀಗ ತೆಗೆದೆ.

ದೀಪ ಹಾಕಿದೆ. ಬೆಂಚಿನ ಮೇಲೆ ಕೂತು ಬೂಟು ಎಳೆದೆ. ಕಾಲುಚೀಲದಿಂದ ಸಣ್ಣಗೆ ಹಬೆ ಎದ್ದಿತು. ಚೀಲ ಸುಲಿದೆ. ಆ ಎರಡು ಬೆರಳು ಉಳಿದವುಗಳಂತೆಯೇ ಕೆಂಪಗೆ, ಬಿಸಿಯಾಗಿದ್ದವು. ಹಿಡಿದುಕೊಂಡು ಕೂತೆ.

ಆರು ಹದಿನೈದಕ್ಕೆ ಮೊದಲ ತಾಯಿ ಬಂದಳು. ನಿದ್ದೆಗಣ್ಣಿನ ಮಗುವನ್ನು ನನ್ನ ತೋಳಿಗೆ ಕೊಟ್ಟು, "ಅಬ್ಬಾ, ತೆಗೆದಿದೆ," ಎಂದಷ್ಟೇ ಹೇಳಿ ಓಡಿದಳು. ಅವಳ ಹಿಂದೆಯೇ ಮುಖದ ತುಂಬ ಮಂಜು ಮೆತ್ತಿಕೊಂಡ ತೆಲ್ಲೆರ್ವೋ.

"ಬಂದ್ಯಾ?"

"ಬಂದೆ. ಗಾಲಿ ಹೆಪ್ಪುಗಟ್ತು. ಒದ್ಕೊಂಡು ಬಂದೆ."

"ಎಷ್ಟು ದೂರ?"

"ಎರಡು ಕಿಲೋಮೀಟರು."

ಅವಳು ನನ್ನ ಬರಿಗಾಲನ್ನು ಒಮ್ಮೆ ನೋಡಿದಳು. "ನೆಲ ತಣ್ಣಗಿದೆ, ಏನಾದ್ರೂ ಹಾಕ್ಕೋ," ಎಂದು ಬೈದು ಗಂಜಿ ಕಾಯಿಸಲು ಒಳಗೆ ಹೋದಳು.

ಎಂಟಕ್ಕೆ ಬಂದ ಮಾರ್ಕೆತ್ತಾ ಜನವರಿಯ ಪಾಳಿಪಟ್ಟಿಯನ್ನು ಗೋಡೆಗೆ ಅಂಟಿಸಿದಳು. ಬೆಳಗಿನ ಸಾಲಿನಲ್ಲಿ ನನ್ನ ಹೆಸರು ಪೆನ್ಸಿಲ್ಲಿನಲ್ಲಿತ್ತು, ಪಕ್ಕದಲ್ಲೊಂದು ಪ್ರಶ್ನೆಯ ಗುರುತು.

"ಮಾರ್ಕೆತ್ತಾ," ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿತು. "ಪೆನ್ ಇದೆಯಾ?"