ಜೂಲಿಯ ನಾಲ್ಕನೆಯ ಸೂಲು

ಕಾಳಕ್ಕನಿಗೆ ಸಿಟ್ಟು ಬಂದರೆ ಬಾಯಿ ಕಟ್ಟುತ್ತದೆ, ಕೈ ಓಡುತ್ತದೆ. ಅವತ್ತು ಅವಳು ನಾಯಿಗೂಡಿನ ನೆಲವನ್ನು ಕಡ್ಡಿಪೊರಕೆಯಲ್ಲಿ ಉಜ್ಜುತ್ತಿದ್ದ ರಭಸಕ್ಕೆ ಸಿಮೆಂಟು ಕಿತ್ತು ಬರಬೇಕಿತ್ತು. ಹಾಗೆ ಉಜ್ಜಿಸಿದ್ದು ಭುವನ್ ಆಡಿಹೋದ ಒಂದು ಮಾತು.

"ಕಾಳಕ್ಕ, ಜೂಲಿ ಬೆದೆಗೆ ಬಂದು ಇವತ್ತಿಗೆ ಹನ್ನೊಂದು ದಿನ. ಸಾಯಂಕಾಲ ನೀನು ಹಟ್ಟಿಗೆ ಹೋಗೋವಾಗ ಸೀಸರ್‌ನ ಅವಳ ಗೂಡಿಗೆ ಬಿಟ್ಟು ಹೋಗು."

ನೀರಿನ ಮೋಟಾರು ಹಾಕು ಅಂದ ಹಾಗೆ ಅಂದುಬಿಟ್ಟ. ಸೀಸರ್ ಜೂಲಿಯ ಹೊಟ್ಟೆಯಲ್ಲೇ ಹುಟ್ಟಿದವನು, ಅವಳ ಮಗ. ಇದನ್ನು ಅವನು ಮರೆತಿರಲಿಲ್ಲ. ಮರೆತಿದ್ದರೆ ಕಾಳಕ್ಕ ಕ್ಷಮಿಸಿಯಾದರೂ ಕ್ಷಮಿಸುತ್ತಿದ್ದಳು.

ಭುವನ್ ತೋಂಟದಾರ್ಯರ ಮಗ. ತೋಂಟದಾರ್ಯರದು ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ, ಚಿಕ್ಕನಾಯಕನಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ತೋಟ, ತೋಟದಲ್ಲೇ ಮನೆ. ಕಾಳಕ್ಕ ಅಲ್ಲಿಗೆ ಕೊಬ್ಬರಿ ಸುಲಿಯಲು ಬಂದವಳು. "ಕುರಿ ಹಟ್ಟಿಯೋಳು, ಪ್ರಾಣಿ ಭಾಷೆ ಬರ್ತದೆ" ಅಂತ ಭುವನ್ ಅವಳನ್ನು ಎತ್ತಿ ನಾಯಿ ಕೆಲಸಕ್ಕೆ ಹಾಕಿದ. ಪ್ರಾಣಿ ಭಾಷೆ ಬರುವವಳನ್ನು ಇಟ್ಟುಕೊಂಡ ಮೇಲೆ ಅವಳ ಮಾತು ಕೇಳಬೇಕು ಎನ್ನುವುದು ಮಾತ್ರ ಆ ಪುಣ್ಯಾತ್ಮನಿಗೆ ತೋಚಲಿಲ್ಲ.

ಜೂಲಿ ಜೇನಿನ ಬಣ್ಣದ ಲ್ಯಾಬ್ರಡಾರ್. ನಾಲ್ಕು ವರ್ಷ ಇನ್ನೂ ತುಂಬಿರಲಿಲ್ಲ, ಆಗಲೇ ಮೂರು ಸೂಲು. ಈಚೆಗಂತೂ ಒಂದೂ ಬೆದೆ ಬಿಟ್ಟಿಲ್ಲ. ಮೊದಲನೆಯದಕ್ಕೆ ಗಂಡು ತುಮಕೂರಿನಿಂದ ಬಂದಿತ್ತು. ಸೀಸರ್ ಹುಟ್ಟಿದ್ದು ಆಗ. ಅವನು ಅಗಲ ತಲೆಯ, ದಪ್ಪ ಬಾಲದ, ನೋಡಿದವರು ಕಣ್ಣು ಹಾಕುವಂಥ ನಾಯಿಯಾದ ಮೇಲೆ ಭುವನ್ ಹೊರಗಿನ ಗಂಡು ತರುವುದನ್ನೇ ನಿಲ್ಲಿಸಿದ. ಎರಡನೆಯ ಸೂಲಿಗೂ ಮೂರನೆಯ ಸೂಲಿಗೂ ಸೀಸರ್‌ನೇ.

ಎರಡನೆಯ ಸೂಲಿನ ಒಂದು ಮರಿಯನ್ನು ತುರುವೇಕೆರೆಯ ಭೀಮರಾಜು ಮೇಷ್ಟ್ರು ಒಯ್ದಿದ್ದರು. ಏಳು ತಿಂಗಳಿಗೆ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದರು. ಹಿಂಗಾಲು ಎಳೆಯುತ್ತಿತ್ತು. ಸೊಂಟದ ಕೀಲು ಕೂತಿಲ್ಲ, ಹುಟ್ಟಿನಿಂದಲೇ ಬಂದದ್ದು ಅಂತ ಡಾಕ್ಟರು ಹೇಳಿದ್ದರಂತೆ. "ನೀವು ಅನ್ನ ಜಾಸ್ತಿ ಹಾಕಿದೀರ ಸಾರ್, ತೂಕ ಬಂದುಬಿಟ್ಟಿದೆ" ಎಂದು ಭುವನ್ ಅವರನ್ನೇ ದಬಾಯಿಸಿ ಕಳಿಸಿದ. ಮೇಷ್ಟ್ರು ನಾಯಿಯನ್ನು ಮತ್ತೆ ಎತ್ತಿಕೊಂಡು ಗೇಟು ದಾಟಿದ್ದನ್ನು ಕಾಳಕ್ಕ ನೋಡಿದ್ದಳು. ಅವಳಿಗೆ ಅನ್ನದ ಮೇಲೆ ಹೊರಿಸಿದ ಆ ಸುಳ್ಳು ಮೈಗೆ ತುರಿಚೆ ಸೊಪ್ಪು ಸವರಿದ ಹಾಗೆ ಉರಿದಿತ್ತು.

ಮೂರನೆಯದು ಅವಳ ಕೈಮೇಲೇ ಆದದ್ದು. ಹೆರಿಗೆ ಕಟ್ಟಿಕೊಂಡು ಜೂಲಿಯ ಹೊಟ್ಟೆ ಕೊಯ್ಯಬೇಕಾಯಿತು. ಬಂದ ಏಳು ಮರಿಯಲ್ಲಿ ಮೂರಕ್ಕೆ ಬಾಯಿಯ ಅಂಗುಳ ಸೀಳಿತ್ತು. ಕುಡಿದ ಹಾಲು ಮೂಗಿನಲ್ಲಿ ಬರುತ್ತಿತ್ತು. ಕಾಳಕ್ಕ ಹತ್ತಿಯ ಬತ್ತಿ ಅದ್ದಿ ಅದ್ದಿ ತೊಟ್ಟು ತೊಟ್ಟಾಗಿ ಹಿಂಡಿದಳು. ನಾಲ್ಕು ದಿನದಲ್ಲಿ ಮೂರೂ ಹೋದವು. ಉಳಿದ ನಾಲ್ಕನ್ನು ಇಪ್ಪತ್ತೈದು ದಿನಕ್ಕೇ ಭುವನ್ ಮಾರಿಬಿಟ್ಟ. ಇನ್ನೂ ತಾಯಿಯ ಮೊಲೆ ಬಿಟ್ಟಿರಲಿಲ್ಲ. ಜೂಲಿ ಒಂದು ವಾರ ಗೂಡಿನ ಮೂಲೆ ಮೂಲೆ ಮೂಸಿಕೊಂಡು ತಿರುಗಿದಳು.

ಹೊಟ್ಟೆ ಕೊಯ್ದ ಡಾಕ್ಟರ್ ಮಂಜುಶ್ರೀ ಆಗಲೇ ಬೆರಳು ತೋರಿಸಿ ಹೇಳಿದ್ದರು: "ಇನ್ನೊಂದು ಸೂಲು ಇವಳ ಗರ್ಭಕೋಶ ತಡೆಯಲ್ಲ. ಸಾಯ್ತಾಳೆ. ಅದೂ ಮಗನ ಜೊತೆ ಮಾತ್ರ ಬೇಡವೇ ಬೇಡ."

"ಡಾಕ್ಟ್ರುಗಳು ಹಂಗೇ ಹೆದ್ರಿಸ್ತಾರೆ" ಅಂದಿದ್ದ ಭುವನ್, ಕಾರು ಹತ್ತಿದ ಮೇಲೆ. ಅದಾಗಿ ಆರು ತಿಂಗಳೂ ಆಗಿರಲಿಲ್ಲ.

ಪೊರಕೆ ಬಿಸಾಕಿ ಕಾಳಕ್ಕ ಭುವನ್ ಇದ್ದಲ್ಲಿಗೆ ಹೋಗಿ ಬಾಯಿ ಬಿಟ್ಟಳು. "ಭುವನಪ್ಪ, ಬ್ಯಾಡ ಕಣಪ್ಪ. ನಮ್ಮ ಹಟ್ಟೀಲಿ ಎರಡು ವರ್ಷಕ್ಕೆ ಟಗರು ಬದಲಾಯಿಸ್ತೀವಿ. ಅದರ ಹೆಣ್ಣುಮರಿ ಬೆದೆಗೆ ಬರೋ ಹೊತ್ಗೆ ಟಗರು ಬೇರೆ ಹಟ್ಟಿಗೆ ಹೋಗಿರ್ಬೇಕು. ಹೆತ್ತೋಳ ಮೇಲೆ ಮಗನ್ನ ಬುಡ್ತಾರಾ?"

"ಅದು ಕುರಿ ಕಾಳಕ್ಕ. ಇದು ಜಾತಿ ನಾಯಿ" ಎಂದ ಭುವನ್, ಫೋನಿನಿಂದ ತಲೆ ಎತ್ತದೆ. "ಹೊರಗಿನ ಗಂಡು ತಂದ್ರೆ ರಕ್ತ ಕಲಬೆರಕೆ ಆಗ್ತದೆ. ನಮ್ಮಲ್ಲಿ ಸೋದರಮಾವನಿಗೆ ಹೆಣ್ಣು ಕೊಡಲ್ವಾ? ನಿಮ್ಮಲ್ಲಿ ಕೊಡಲ್ವಾ? ಮನೆತನ ಮನೇಲೇ ಇರ್ಲಿ ಅಂತ ತಾನೆ? ಇದೂ ಹಂಗೇ."

ಮರಿ ಬೇಕೆಂದವರ ಹೆಸರು ಆಗಲೇ ಫೋನಿನಲ್ಲಿ ಬರೆದುಕೊಂಡು ಕೂತಿದ್ದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವನ ಹತ್ತಿರ ಇನ್ನೇನು ಮಾತು? ತೋಂಟದಾರ್ಯರಿಗೆ ಹೇಳೋಣವೆಂದರೆ ಅವತ್ತು ಕೊಬ್ಬರಿ ಟೆಂಡರು, ಆ ದಿನ ಅವರು ಯಾರ ಮುಖವನ್ನೂ ನೋಡುವವರಲ್ಲ. ಅವರ ಹೆಂಡತಿ ಸುವರ್ಣಮ್ಮನಿಗೆ ಹೇಳೋಣವೆಂದರೆ ಆಕೆ ಆ ಮನೆಯಲ್ಲಿ ಊಟಕ್ಕೆ ಬನ್ನಿ ಎನ್ನುವುದು ಬಿಟ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಕಾಳಕ್ಕ ಕೇಳಿರಲಿಲ್ಲ. ಸೀಸರ್‌ನನ್ನು ಬಿಡದೆ ಹೋದರೆ ಗೂಡಿನ ಮೇಲೊಂದು ಕ್ಯಾಮೆರಾ ಇದೆ, ಭುವನ್ ಒಳಗೆ ಕೂತೇ ನೋಡುತ್ತಾನೆ, ಎದ್ದು ಬಂದು ತಾನೇ ಬಿಡುತ್ತಾನೆ.

ಆಗ ಕಾಳಕ್ಕನಿಗೆ ಹಟ್ಟಿಯ ಉಪಾಯ ಹೊಳೆಯಿತು. ಮೇವಿಲ್ಲದ ಕಾಲಕ್ಕೆ ಮರಿ ಬೀಳಬಾರದು ಅಂತ ಹಟ್ಟಿಯಲ್ಲಿ ಟಗರಿನ ಹೊಟ್ಟೆಯ ಕೆಳಗೆ ಗೋಣಿತಾಟಿನ ಅಗಲ ಪಟ್ಟಿ ಇಳಿಬಿಟ್ಟು, ಬೆನ್ನ ಮೇಲೆ ಗಂಟು ಹಾಕುತ್ತಾರೆ. ಟಗರು ಹಾರಿದರೂ ಕೆಲಸವಾಗುವುದಿಲ್ಲ. ಅವಳ ಗಂಡ ದಾಸಣ್ಣ ಕಟ್ಟಿದ ಪಟ್ಟಿ ಮಂದೆಯಲ್ಲಿ ಒಂದು ಸಲವೂ ಮೋಸ ಮಾಡಿರಲಿಲ್ಲ. ಕೊಬ್ಬರಿ ಚೀಲವೊಂದನ್ನು ಕತ್ತರಿಸಿ ಕಾಳಕ್ಕ ಸೀಸರ್‌ಗೆ ಕಟ್ಟಿದಳು. ಎರಡು ಗಂಟು, ಮೇಲೊಂದು ಗಂಟು. ಭುವನ್ ಕೇಳಿದ್ದಕ್ಕೆ, "ಹೊಟ್ಟೇಲಿ ಕಜ್ಜಿ ಎದ್ದೈತೆ, ಬೇವಿನೆಣ್ಣೆ ಹಚ್ಚಿ ಕಟ್ಟೀನಿ" ಎಂದಳು. ನಾಯಿ ಸಾಕುತ್ತೇನೆಂದು ಮೂರು ತಾಲ್ಲೂಕಿಗೆ ಹೇಳಿಕೊಂಡು ತಿರುಗುವವನು ಬಗ್ಗಿ ನೋಡಲೂ ಇಲ್ಲ.

ಸೀಸರ್‌ನನ್ನು ಜೂಲಿಯ ಗೂಡಿಗೆ ಬಿಟ್ಟು, ಕೆಲಸವೂ ಉಳಿಯಿತು, ಜೂಲಿಯೂ ಉಳಿದಳು ಎಂದುಕೊಂಡು ಕಾಳಕ್ಕ ಹಟ್ಟಿಗೆ ಹೋದಳು. ದಾಸಣ್ಣನಿಗೆ ಹೇಳಿ ನಕ್ಕಳು ಕೂಡ.

ಬೆಳಗ್ಗೆ ಬಂದಾಗ ಗೋಣಿಪಟ್ಟಿ ಚಿಂದಿಯಾಗಿ ಗೂಡಿನ ತುಂಬ ಬಿದ್ದಿತ್ತು. ಟಗರು ಕತ್ತು ತಿರುಗಿಸಿ ಬೆನ್ನ ಮೇಲಿನ ಗಂಟು ಕಡಿಯುವ ಪ್ರಾಣಿಯಲ್ಲ. ನಾಯಿ ಕಡಿಯುತ್ತದೆ. ಚಪ್ಪಲಿ, ಪೈಪು, ಮಂಕರಿ ಎಲ್ಲವನ್ನೂ ಸೀಸರ್ ಕಡಿದು ಹಾಕಿದ್ದನ್ನು ದಿನವೂ ಗುಡಿಸುತ್ತಿದ್ದ ಹೆಂಗಸಿಗೆ ಅದೊಂದು ಯೋಚನೆ ಬಂದಿರಲಿಲ್ಲ. ಮೂಲೆಯಲ್ಲಿ ಎರಡೂ ನಾಯಿ ಬೆನ್ನಿಗೆ ಬೆನ್ನು ಮಾಡಿ ಬೆಸೆದುಕೊಂಡು ನಿಂತಿದ್ದವು. ಜೂಲಿಯ ಹಿಂಗಾಲು ನಡುಗುತ್ತಿತ್ತು. ಭುವನ್ ಫೋನು ಹಿಡಿದು ವಿಡಿಯೋ ಮಾಡುತ್ತಿದ್ದ.

"ನಿನ್ನ ಕಜ್ಜಿ ಪಟ್ಟಿ ಬಿಚ್ಕೊಂಡವ್ನೆ ನೋಡು, ಹುಲಿ!" ಎಂದು ನಕ್ಕ.

ಕಾಳಕ್ಕನಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳುವಷ್ಟು ರೋಷ ಬಂತು. ಬಾಯಿಬಿಟ್ಟು ಜಗಳ ಆಡಬೇಕಾದ ಕಡೆ ಕಳ್ಳಗಂಟು ಹಾಕಿ ಮನೆಗೆ ಹೋಗಿ ನಕ್ಕವಳು ಅವಳೇ ತಾನೆ? ಬೆಸುಗೆ ಬಿಡುವವರೆಗೂ ಜೂಲಿಯ ತಲೆ ಹಿಡಿದುಕೊಂಡು ನಿಂತಳು. ಬಿಟ್ಟ ಮೇಲೆ ಕೊರಳಿಗೆ ಹಗ್ಗ ಹಾಕಿ ಸೀದಾ ಮನೆಯ ಹಿತ್ತಲ ಬಾಗಿಲಿಗೆ ನಡೆದಳು.

"ಅಮ್ಮಾರೇ!"

ಸುವರ್ಣಮ್ಮ ಹಣೆಗೆ ವಿಭೂತಿ ಹಚ್ಚಿಕೊಂಡು ಅಡುಗೆಮನೆಯಿಂದ ಬಂದರು.

"ಅಮ್ಮಾರೇ, ನಾನು ಕೆಲಸ ಬುಟ್ಟೆ. ಬುಡೋಕೆ ಮುಂಚೆ ನೀವೊಂದು ಮಾತು ಕೇಳ್ಬೇಕು. ಇವಳು ಈ ಸಲ ಸಾಯ್ತಾಳೆ. ಡಾಕ್ಟ್ರಮ್ಮ ಹೇಳವ್ರೆ. ಸಾಯದಿದ್ರೂ ಹುಟ್ಟೋವು ಬದುಕೋವಲ್ಲ. ಹೆತ್ತ ಮಗನ್ನೇ ಬುಟ್ಟವ್ರೆ ಇವಳ ಮೇಲೆ. ಒಂದಲ್ಲ, ಮೂರನೇ ಸಲ. ನಾನೂ ತಡೀಲಿಲ್ಲ, ನನ್ನ ಬಾಯಿಗೆ ಮಣ್ಣು ಹಾಕ. ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ಏನಾದ್ರೂ ಮಾಡ್ಬೋದು."

ಹಿಂದೆಯೇ ಭುವನ್ ಬಂದ. "ಅಮ್ಮ, ನೀನು ಒಳಗೆ ಹೋಗು. ಇವಳಿಗೆ ಬ್ರೀಡಿಂಗ್ ಅಂದ್ರೆ ಗೊತ್ತಿಲ್ಲ."

"ಕುರಿ ಕಾಯೋಳಿಗೆ ಗೊತ್ತಿಲ್ದಿದ್ರೆ ಇನ್ಯಾರಿಗೆ ಗೊತ್ತಪ್ಪ? ನಿನ್ನ ಫೋನಿಗಾ?"

"ಲೈನ್ ಬ್ರೀಡಿಂಗ್ ಅಂತಾರೆ ಇದನ್ನ. ಒಳ್ಳೆ ರಕ್ತ ಒಳಗೇ ಉಳೀಲಿ ಅಂತ ಮಾಡೋದು." ಅವನು ತಾಯಿಯ ಕಡೆ ತಿರುಗಿ ಸಲುಗೆಯಿಂದ ನಕ್ಕ. "ನೀನೇ ಹೇಳಮ್ಮ ಇವಳಿಗೆ. ಅಪ್ಪ ನಿಂಗೆ ಸ್ವಂತ ಸೋದರಮಾವ. ಏನಾಯ್ತು ಈಗ? ನಾನು ಗುಂಡುಕಲ್ಲಿನ ಹಂಗಿಲ್ವಾ?"

ಸುವರ್ಣಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದವರು ಒರೆಸಿಕೊಳ್ಳುತ್ತಲೇ ಇದ್ದರು. ಜೂಲಿ ಹೊಸ್ತಿಲ ಹೊರಗೆ ಬಸವಳಿದು ಕೂತಳು.

"ನಿನಗಿಂತ ಮುಂಚೆ ಇಬ್ರು ಇದ್ರು ಕಣೋ" ಎಂದರು.

ಭುವನ್‌ನ ನಗು ಇನ್ನೂ ಮುಖದಲ್ಲೇ ಇತ್ತು. "ಯಾರು?"

"ನಿನ್ನ ಅಕ್ಕಂದಿರು. ಮೊದಲನೇದು ಹನ್ನೆರಡು ದಿನ ಇತ್ತು. ಎರಡನೇದಕ್ಕೆ ಮೇಲ್ಬಾಯಿ ಸೀಳಿತ್ತು. ಕುಡಿಸಿದ ಹಾಲು ಮೂಗಲ್ಲಿ ಬರೋದು. ನಾನೂ ಬತ್ತಿ ಅದ್ದಿ ಅದ್ದಿ ಹಿಂಡ್ದೆ." ಅವರ ಸ್ವರ ಏರಲಿಲ್ಲ, ಆದರೆ ಒಂದೊಂದು ಮಾತೂ ಹಲ್ಲಿನ ಸಂದಿಯಿಂದ ಬರುತ್ತಿತ್ತು. "ಆಗ ದೊಡ್ಡ ಡಾಕ್ಟ್ರು ನಿಮ್ಮಜ್ಜಿಗೆ ಹೇಳಿದ್ರು, ಹತ್ತಿರದ ಸಂಬಂಧಕ್ಕೆ ಹಿಂಗಾಗ್ತದೆ ಅಂತ. ನಿಮ್ಮಜ್ಜಿ ಏನಂದ್ರು ಗೊತ್ತಾ? ಡಾಕ್ಟ್ರುಗಳು ಹಂಗೇ ಹೆದ್ರಿಸ್ತಾರೆ ಅಂದ್ರು. ನಿನ್ನ ಹೆತ್ತಾಗ ನಾನು ಉಳಿದಿದ್ದು ಶಿವನಿಗೇ ಗೊತ್ತು."

"ನಂಗೆ ಯಾಕಮ್ಮ ಹೇಳ್ಲಿಲ್ಲ?"

"ಹೇಳೋದಿರ್ಲಿ, ನನ್ನ ಯಾರು ಕೇಳಿದ್ರು? ಹದಿನೇಳು ವರ್ಷ ನಂಗೆ. ಮನೆತನ ಮನೇಲೇ ಇರ್ಲಿ ಅಂತ, ಹಿಂಗೇ ಬಾಗಿಲು ತೆಗೆದ್ರು, ಒಳಗೆ ಕಳಿಸಿದ್ರು."

ಕಾಳಕ್ಕ ನೆಲ ನೋಡಿದಳು. ಅವಳ ಹಟ್ಟಿಯಲ್ಲೂ ಟಗರಿನ ವಿಷಯಕ್ಕೆ ಹತ್ತು ಜನ ಕೂತು ಯೋಚಿಸುತ್ತಾರೆ. ಹೆಣ್ಣುಮಕ್ಕಳನ್ನು ಕೊಡುವಾಗ ಅಷ್ಟು ಯೋಚಿಸಿದ್ದನ್ನು ಅವಳು ಕಂಡಿರಲಿಲ್ಲ. ಅದೂ ಅವಳ ಸಿಟ್ಟಿಗೆ ಸೇರಿಕೊಂಡಿತು.

ಸುವರ್ಣಮ್ಮ ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದರು. "ಕಾಳಕ್ಕ, ಆಟೋ ಕರೆಸು. ನಾನೂ ಬರ್ತೀನಿ."

ಡಾಕ್ಟರ್ ಮಂಜುಶ್ರೀ ಕೆಂಡವಾದರು. ಬೈದು ಮುಗಿಸಿ, ಬೆದೆಯಲ್ಲಿ ಕೊಯ್ದರೆ ರಕ್ತ ಹೆಚ್ಚು ಹೋಗುತ್ತದೆ, ಮೂರು ವಾರ ಬಿಟ್ಟು ಕರೆತನ್ನಿ, ಅಷ್ಟರೊಳಗೆ ಬಸಿರು ನಿಂತಿದ್ದರೂ ಗರ್ಭಕೋಶದ ಜೊತೆಗೇ ತೆಗೆದುಬಿಡುತ್ತೇನೆ ಎಂದರು. ಒಪ್ಪಿಗೆ ಕಾಗದದ ಮೇಲೆ ಸುವರ್ಣಮ್ಮ ಅಲ್ಲೇ ಸಹಿ ಹಾಕಿದರು. ಆ ಮೂರು ವಾರ ಜೂಲಿ ಅವರ ಕೋಣೆಯಲ್ಲೇ ಮಲಗಿದಳು. ಪೂಜೆ ನಡೆಯೋ ಮನೆಯೊಳಗೆ ನಾಯಿ ಬಂತು ಅಂತ ತೋಂಟದಾರ್ಯರು ಎರಡು ದಿನ ಗೊಣಗಿದರು. ಸುವರ್ಣಮ್ಮ ಕೋಣೆಗೆ ಒಳಗಿನಿಂದ ಚಿಲಕ ಹಾಕಿಕೊಂಡರು. ಕಾಳಕ್ಕ ಕೆಲಸ ಬಿಡಲಿಲ್ಲ, ಆದರೆ ಭುವನ್ ಜೊತೆ ಮಾತು ಬಿಟ್ಟಳು.

ಆಪರೇಷನ್ನಿನ ದಿನ ಕಾರು ಓಡಿಸಿಕೊಂಡು ಬಂದವನು ಭುವನ್‌ನೇ. ಯಾರೂ ಬಾ ಅಂದಿರಲಿಲ್ಲ. ಎರಡು ಗಂಟೆಯಾದ ಮೇಲೆ ಡಾಕ್ಟರು ಹೊರಗೆ ಬಂದು ಅವನಿಗೇ ಹೇಳಿದರು: "ಒಳಗೆ ಆರು ಮರಿ ಕಟ್ಟಿತ್ತು. ಹಳೇ ಹೊಲಿಗೆ ಇದ್ದ ಜಾಗ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ದಿನ ತುಂಬೋ ತನಕ ಬಿಟ್ಟಿದ್ರೆ ಒಡೆದು, ನಿಮ್ಮ ಗೂಡಲ್ಲೇ ಸಾಯ್ತಿದ್ಳು. ಈಗ ಬದುಕ್ತಾಳೆ."

ಅವನು ಏನೋ ಹೇಳಲು ಹೋದ. ಅಷ್ಟರಲ್ಲಿ ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು. ಮರಿಗೆ ಹೆಸರು ಬರೆಸಿದ್ದ ಗಿರಾಕಿ. ಆ ಕಡೆಯ ದನಿ ಹೊರಗೆಲ್ಲ ಕೇಳುವಷ್ಟು ದೊಡ್ಡದಿತ್ತು.

"ಈ ಸಲ ಮರಿ ಇಲ್ಲ ಸಾರ್" ಎಂದ ಭುವನ್, ಸಣ್ಣಗೆ.

"ಹೋಗ್ಲಿ ಬಿಡಿ, ಮುಂದಿನ ಸಲ ಕೊಡಿ. ಮುಂದಿನ ಬೆದೆ ಯಾವಾಗ ಬರ್ತದೆ ಅವಳಿಗೆ?"

ಸುವರ್ಣಮ್ಮ ಬೆಂಚಿನಿಂದ ಎದ್ದು ಮಗನ ಕೈಯಿಂದ ಫೋನು ಕಿತ್ತುಕೊಂಡರು.

"ಮುಂದಿನ ಸಲ ಇಲ್ಲ ಕಣ್ರೀ. ಅವಳ ಕೈಲಿ ಹೆರಿಸಿದ್ದು ಸಾಕು."