ಮಾತು ಬಿಟ್ಟ ಆಲೆಮನೆ

ತಮ್ಮ ಅಪ್ಪುವಿನ ಕುಡಿತ ಬಿಡಿಸಲು ಹೊನ್ನಯ್ಯ ಮೊದಲು ಹೊಡೆದ. ಆಮೇಲೆ ಕಂಬಕ್ಕೆ ಕಟ್ಟಿಹಾಕಿದ. ದೇವರ ಮುಂದೆ ಉರಿಯುವ ಕರ್ಪೂರವನ್ನು ಅವನ ಅಂಗೈಯಿಂದಲೇ ಆರಿಸಿ ಆಣೆ ಮಾಡಿಸಿದ. ಯಾವುದೂ ನಾಟಲಿಲ್ಲ. ಕೊನೆಗೆ ಹೊಳೆದದ್ದು ಮಾತು ಬಿಡುವ ಉಪಾಯ. ಬೆಸಗರಹಳ್ಳಿ ಪಕ್ಕದ ತಮ್ಮೂರಲ್ಲಿ ಮನೆಮನೆ ತಿರುಗಿ ಹೇಳಿಬಂದ: ಅಪ್ಪುನ ಯಾರೂ ಮಾತಾಡಿಸಬೇಡಿ, ಜಗುಲಿ ಮೇಲೆ ಕೂರಿಸಿಕೊಳ್ಳಬೇಡಿ. ಹೆತ್ತ ತಾಯಿ ಅಂಕಮ್ಮನೂ ಮುದ್ದೆಯ ತಟ್ಟೆಯನ್ನು ಹೊರಗಿಟ್ಟು, ಮುಖ ತಿರುಗಿಸಿಕೊಂಡು ಒಳಗೆ ಬರಬೇಕು. ಮನೆಯವರೇ ಬೆಲ್ಲ ಕಾಯಿಸುವ ಆಲೆಮನೆಗಂತೂ ಅವನು ಕಾಲಿಡುವಂತಿಲ್ಲ. ಇರುವುದೊಬ್ಬ ತಮ್ಮ, ಅವನು ಕುಡಿದು ಸಾಯಬಾರದು ಅನ್ನುವುದಷ್ಟೇ ಹೊನ್ನಯ್ಯನ ಆಸೆ. ನಾಚಿಕೆ ಹುಟ್ಟಿದರೆ ಬುದ್ಧಿ ಬರುತ್ತದೆ ಎಂದುಕೊಂಡಿದ್ದ ಮಾರಾಯ.

ಹೆಂಡತಿ ವೀಣ ಒಪ್ಪಲಿಲ್ಲ. ಮೈದುನನನ್ನು ಮಂಡ್ಯದ ಆಸ್ಪತ್ರೆಗೆ ತೋರಿಸಿಕೊಂಡು ಬಂದವಳು ಅವಳೇ.

"ಮಾತ್ರೆ ಜೊತೆಗೆ ಜನಾನೂ ಬೇಕು ಅಂದ್ರು ಡಾಕ್ಟ್ರು. ಒಂಟಿ ಮಾಡುದ್ರೆ ಇನ್ನೂ ಜಾಸ್ತಿ ಕುಡೀತಾನಂತೆ. ಆಲೆಮನೆ ಕೆಲ್ಸ ಮಾತ್ರ ತಪ್ಪಿಸ್ಬೇಡಿ ಕಣ್ರೀ."

"ಡಾಕ್ಟ್ರು ಬಂದು ಬೆಲ್ಲ ಕಾಯಿಸ್ತಾರಾ? ಸುಮ್ಕಿರಮ್ಮಿ," ಎಂದ ಹೊನ್ನಯ್ಯ.

ನಿಜ ಹೇಳಬೇಕೆಂದರೆ ಆ ಮನೆಯಲ್ಲಿ ಬೆಲ್ಲ ಕಾಯಿಸುವ ಕೈ ಇದ್ದದ್ದು ಅಪ್ಪುಗೆ ಮಾತ್ರ. ಕುದಿಯುವ ಪಾಕದ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ ಅವನು 'ಇಳ್ಸಿ' ಅಂದರೆ ಕೊಪ್ಪರಿಗೆ ಇಳಿಯಬೇಕು. ಅಲ್ಲಿಯವರೆಗೆ ಎಂಟು ಜನ ಅವನ ಬಾಯನ್ನೇ ನೋಡುತ್ತ ನಿಂತಿರುತ್ತಿದ್ದರು. ಒಲೆ ಉರಿಯುವಷ್ಟು ಹೊತ್ತು ಅವನು ಒಂದು ಹನಿಯನ್ನೂ ಮುಟ್ಟುತ್ತಿರಲಿಲ್ಲ. ಕತ್ತಲಾದ ಮೇಲೆ ಅವನ ಕುಡಿತ. ಇದು ಹೊನ್ನಯ್ಯನಿಗೆ ಗೊತ್ತಿತ್ತು, ಸಿಟ್ಟಿನಲ್ಲಿ ಮರೆತಿದ್ದ. ಆಲೆಮನೆ ತಪ್ಪಿದ ಮೇಲೆ ಅಪ್ಪು ಬೆಳಗ್ಗೆ ಎದ್ದ ಕೂಡಲೇ ಶುರು ಮಾಡಿದ. ಇತ್ತ ಪಾಕ ಒಂದು ದಿನ ಸೀಯುತ್ತಿತ್ತು, ಇನ್ನೊಂದು ದಿನ ಅಚ್ಚಿನಲ್ಲಿ ಗಟ್ಟಿಯೇ ಆಗುತ್ತಿರಲಿಲ್ಲ.

ನಲವತ್ತನೆಯ ದಿನ ಮಟಮಟ ಮಧ್ಯಾಹ್ನ ಅಪ್ಪು ಆಲೆಮನೆಗೆ ನುಗ್ಗಿದ. ಕೈಯಲ್ಲಿ ಕಬ್ಬು ಕಡಿಯುವ ಮಚ್ಚು.

"ಯಾರಾರ ಒಬ್ರು ಮಾತಾಡ್ರುಲಾ," ಎಂದ.

ಗಾಣಕ್ಕೆ ಕಬ್ಬು ಕೊಡುತ್ತಿದ್ದ ಪುನೀತ್ ತಲೆ ತಗ್ಗಿಸಿದ. ಒಲೆಯ ಮುಂದಿದ್ದವರು ಬೆನ್ನು ತಿರುಗಿಸಿದರು. ಹೊನ್ನಯ್ಯನ ಕಟ್ಟಪ್ಪಣೆ ಹಾಗಿತ್ತು.

"ಬಯ್ಯೋದಾದ್ರೂ ಬಯ್ರುಲಾ."

ಯಾರೂ ಉಸಿರೆತ್ತಲಿಲ್ಲ. ಅಪ್ಪು ಮಚ್ಚು ಬೀಸಿದ. ಮೊದಲ ಏಟಿಗೆ ಬೆಲ್ಲದ ಅಚ್ಚಿನ ಹಲಗೆ ಸೀಳಿತು, ಎರಡನೆಯದು ಪುನೀತನ ತೋಳಿಗೆ ಬಿತ್ತು. ಕಬ್ಬಿನ ಜಲ್ಲೆಗಳ ಮೇಲೆ ರಕ್ತ ಚಿಮ್ಮಿತು.

ಕೊಪ್ಪರಿಗೆಯ ಬಳಿ ನಿಂತಿದ್ದ ಹೊನ್ನಯ್ಯ ಪಾಕ ತಿರುವುವ ಮರದ ಕೋಲನ್ನೇ ಎತ್ತಿಕೊಂಡ. ಒಂದೇಟು ಹೆಗಲಿಗೆ, ಒಂದು ಪಕ್ಕೆಗೆ. ಮಚ್ಚು ಬೀಳಲಿಲ್ಲ. ಮೂರನೆಯದು ಬಲಗೈ ಮಣಿಕಟ್ಟಿಗೆ; ಮೂಳೆ ಲಟಕ್ಕೆಂದದ್ದು ಎಲ್ಲರಿಗೂ ಕೇಳಿಸಿತು. ಮಚ್ಚು ಬಿತ್ತು, ಅಪ್ಪುನೂ ಬಿದ್ದ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಬಿದ್ದವನ ಬೆನ್ನಿಗೆ ಬಾರಿಸಿದ, ಮುಖಕ್ಕೆ ಒದ್ದ. ನಲವತ್ತು ದಿನ ಆಡದೆ ನುಂಗಿಕೊಂಡದ್ದೆಲ್ಲ ಕೈಕಾಲಿಗೆ ಬಂದಿತ್ತು. "ಸಾಯಿ, ಇವತ್ತೇ ಸಾಯಿ," ಎನ್ನುತ್ತಿದ್ದವನನ್ನು ಇಬ್ಬರು ಸೇರಿ ಹಿಡಿದೆಳೆದರು.

ಅಪ್ಪು ರಕ್ತದ ಜೊತೆಗೆ ಒಂದು ಹಲ್ಲು ಉಗಿದ. ಮೂಗೆತ್ತಿ ಮೂಸಿದ.

"ಅಣ್ಣ, ಪಾಕ," ಎಂದ.

ಕೊಪ್ಪರಿಗೆಯನ್ನು ಎಲ್ಲರೂ ಮರೆತಿದ್ದರು. ಅಪ್ಪು ಅಭ್ಯಾಸಬಲದಿಂದ ಉಂಡೆ ನೋಡಲು ಬಲಗೈ ಚಾಚಿದ. ಕೈ ಮಣಿಕಟ್ಟಿನಿಂದ ಕೆಳಗೆ ಜೋತಾಡಿತು, ಬೆರಳು ಮಡಿಸಲಾಗಲಿಲ್ಲ. ಅವನು ಕೈ ನೋಡಿಕೊಂಡ, ಅಣ್ಣನನ್ನು ನೋಡಿದ. ಹೊನ್ನಯ್ಯನಿಗೆ ಎಂಥ ಪಾಪಿ ನಾನು ಅನ್ನಿಸಿತು.

ಪಾಕವನ್ನು ತಾನೇ ನೀರಿಗೆ ಬಿಟ್ಟು ಉಂಡೆ ಕಟ್ಟಿದ. ಮಣ್ಣಲ್ಲಿ ಮಂಡಿಯೂರಿ ತಮ್ಮನ ಎಡಗೈಗೆ ಇಟ್ಟ. ಆ ಕೈ ಎಷ್ಟು ನಡುಗುತ್ತಿತ್ತೆಂದರೆ ಉಂಡೆ ಉರುಳಿ ಬಿತ್ತು. ಮತ್ತೊಂದು ಕಟ್ಟಿ ತಂದ. ಈ ಸಲ ಅಲುಗದಂತೆ ಕೈಯನ್ನು ತಾನೇ ಹಿಡಿದುಕೊಂಡ.

"ಹದ ಬಂತೇನ್ಲಾ ಅಪ್ಪು? ನಂಗೆ ಗೊತ್ತಾಯ್ತಿಲ್ಲ ಕಣ್ಲಾ, ನೋಡೇಳು."

ಅಪ್ಪು ಉಂಡೆಯನ್ನು ಹೆಬ್ಬೆರಳಲ್ಲಿ ಒತ್ತಿದ. ಕಣ್ಣಲ್ಲಿ ನೀರು ಇಳಿಯುತ್ತಿತ್ತು.

"ಬಂದೈತೆ. ಇಳ್ಸಿ."

ಜನ ಓಡಿದರು, ಕೊಪ್ಪರಿಗೆ ಇಳಿಯಿತು. ತೋಳಿಗೆ ಟವೆಲ್ ಸುತ್ತಿಕೊಂಡ ಪುನೀತ್ ಮದ್ದೂರಿನ ಆಸ್ಪತ್ರೆಗೆ ಹೋಗಲು ಆಟೋಗೆ ಫೋನು ಮಾಡುತ್ತಿದ್ದ. ಹೊನ್ನಯ್ಯ ಇನ್ನೂ ಆ ಕೈ ಬಿಟ್ಟಿರಲಿಲ್ಲ.

"ಅಣ್ಣ," ಎಂದ ಅಪ್ಪು, "ಇನ್ನೊಂದ್ಸಲ ಕೇಳು."

ಕೊಪ್ಪರಿಗೆ ಇಳಿದಾಗಿತ್ತು. ಹೊನ್ನಯ್ಯ ಮತ್ತೆ ಕೇಳಿದ.