ಕರೆಂಟು ಹೋಗದ ಊರು

ಗುರುಸಿದ್ದಪ್ಪನವರು ಮಗನ ಮೊಣಕಾಲಿನ ಮೇಲೊಂದು ಕೈ, ಮೀನಖಂಡದ ಕೆಳಗೊಂದು ಕೈ ಇಟ್ಟು, ಉಸಿರು ಬಿಗಿಹಿಡಿದು ಒತ್ತಿದರು. ಕಾಲು ಮಡಚಲಿಲ್ಲ. ಚಾಪೆಯ ಸಮೇತ ದೇಹವೇ ಒಂದಿಷ್ಟು ಜರುಗಿತು.

“ಇನ್ನೊಂದ್ ತಂಬಿಗಿ ಬಿಸಿನೀರ್ ತರ್ರಿ,” ಎಂದರು.

“ಅಪ್ಪಾರ, ಇದು ಬಿಸಿನೀರಿಗೆ ಬಗ್ಗೂದಲ್ಲರಿ,” ಎಂದ ಸಾಯಬಣ್ಣ. ನಾಸಿಕದ ಅಂಬಡ ಭಾಗದ ಕಟ್ಟಡಗಳಲ್ಲಿ ಗೌಂಡಿ ಕೆಲಸ ಮಾಡುವ ಯಾದಗಿರಿ ಕಡೆಯವನು. ಲಿಂಗಾಯತರ ರುದ್ರಭೂಮಿಯಲ್ಲಿ ಕುಣಿ ತೋಡುವುದಕ್ಕೂ ನಾಸಿಕದ ಕನ್ನಡ ಮಂದಿ ಅವನನ್ನೇ ಕರೆಯುತ್ತಿದ್ದರು. ಆಳುಗಳನ್ನು ಅಲ್ಲಿ ಅಗೆತಕ್ಕೆ ಹಚ್ಚಿ, ಒಬ್ಬನನ್ನು ಜೊತೆಗೆ ಕರೆದುಕೊಂಡು ಬಂದಿದ್ದ. “ಬರ್ಫದಾಗ ಎರಡ ದಿನ ನೆಟ್ಟಗ ಮಲಗಿದ್ದು. ಕಬ್ಬಿಣಾಗೇತಿ.”

ಜೀವ ಹೋದ ಗಳಿಗೆಯಲ್ಲೇ ದೇಹವನ್ನು ಪದ್ಮಾಸನದಲ್ಲಿ ಕೂಡಿಸಿ ಗೋಡೆಗೆ ಆನಿಸಬೇಕು, ಎಡ ಅಂಗೈಯಲ್ಲಿ ಇಷ್ಟಲಿಂಗ ಇಡಬೇಕು, ಕೂತ ಭಂಗಿಯಲ್ಲೇ ಹೊತ್ತುಕೊಂಡು ಹೋಗಿ ಕುಣಿಯೊಳಗೆ ಇಳಿಸಬೇಕು. ಅದು ಪದ್ಧತಿ. ಆದರೆ ಅವಿನಾಶನ ಜೀವ ಹೋದದ್ದು ಮುಂಬೈಯಲ್ಲಿ. ಎದೆನೋವಿನಿಂದ ಸತ್ತವನನ್ನು ಆಸ್ಪತ್ರೆಯವರು ಕೊಯ್ದು ನೋಡಿ, ಕಾಗದಪತ್ರ ಮುಗಿಸಿ ಕೊಡುವಷ್ಟರಲ್ಲಿ ಎರಡು ದಿನ ಕಳೆದಿದ್ದವು. ಅಂಗಳದಲ್ಲಿ ಬಿದಿರು, ಬಾಳೆದಿಂಡು, ಚೆಂಡುಹೂವುಗಳಿಂದ ಕಟ್ಟಿದ, ಹೆಣ ಕೂಡಿಸಿ ಹೊರುವ ವಿಮಾನ ಬೆಳಿಗ್ಗೆಯಿಂದ ಸಿದ್ಧವಾಗಿ ನಿಂತಿತ್ತು. ಅದರ ನಡುವಿನ ಕುರ್ಚಿ ಖಾಲಿ ಇತ್ತು.

ಗುರುಸಿದ್ದಪ್ಪನವರು ಮತ್ತೆ ಒತ್ತಿದರು. ಬಾಗಿಲ ಸಂದಿಯಿಂದ ಮೊಮ್ಮಗಳು ಗಗನಾ ಮರಾಠಿಯಲ್ಲಿ ಚೀರಿದಳು: “ಆಜೋಬಾ, ನಕಾ ದಾಬೂ! ಬಾಬಾಂನಾ ದುಖೇಲ್!”

“ನೋಯೂದಿಲ್ಲವ್ವ, ಈಗ ನಿಮ್ಮಪ್ಪಗ ಏನೂ ನೋಯೂದಿಲ್ಲ,” ಎಂದು ಅವರು ಕನ್ನಡದಲ್ಲಿ ಹೇಳಿದರು. ಹೇಳಿದ ಮೇಲೆ ಅವರ ಕೈ ತಾನೇ ಸಡಿಲಾಯಿತು.

ಕಟ್ಟೆಯ ಮೇಲೆ ಚನಬಸಪ್ಪನವರು ಕೂತಿದ್ದರು. ನಾಸಿಕದ ಹತ್ತಿರದ ಓಝರಿನ ವಿಮಾನ ಕಾರಖಾನೆಯಲ್ಲಿ ಗುರುಸಿದ್ದಪ್ಪನವರ ಜೊತೆಗೆ ದುಡಿದು, ಜೊತೆಗೇ ನಿವೃತ್ತರಾದವರು. ಅವರ ಪಕ್ಕದಲ್ಲಿ ಔರಂಗಾಬಾದಿನಿಂದ ನಸುಕಿನ ಬಸ್ಸಿಗೆ ಹೊರಟು ಬಂದ ನರಹರಿ ಎಂಬವನಿದ್ದ. ಅವಿನಾಶ ಯಾವ ಕಂಪನಿಗೆ ನಕ್ಷೆ ಬರೆದು ಕಳಿಸುತ್ತಿದ್ದನೋ, ಔರಂಗಾಬಾದಿನ ಅಂಚಿಗಿರುವ ಶೇಂದ್ರಾದ ಆ ಕಂಪನಿಯ ಸುಪರ್‌ವೈಜರ್. ಬೀದರಿನವನಾದ್ದರಿಂದ ಕನ್ನಡ ಬರುತ್ತಿತ್ತು.

“ದಿನಾ ಫೋನ್‌ನಾಗ ಮಾತಾಡ್ತಿದ್ದೆವ್ರಿ,” ಎಂದ ನರಹರಿ. “ಬೋಲ್ಟಿನ ಅಳತಿ, ತೂತಿನ ಅಳತಿ. ಮಾರಿ ನೋಡಿದ್ದು ಇವತ್ತೇ. ಇಷ್ಟ್ ಎತ್ತರ ಅದಾರಂತ ಗೊತ್ತೇ ಇರಲಿಲ್ಲ. ದನಿ ಸಣ್ಣದಿತ್ತು ನೋಡ್ರಿ, ಗಿಡ್ಡ ಮನುಷ್ಯಾ ಅಂತ ತಿಳಕೊಂಡಿದ್ದೆ.”

“ಆರ ಫೂಟಿನ ಮ್ಯಾಲ ಇದ್ದ. ಕಾಲನಿಯಾಗ ವಾಲಿಬಾಲ್ ಆಡ್ಸಾಕ ಎಳಕೊಂಡು ಹೋಗ್ತಿದ್ರು,” ಎಂದರು ಚನಬಸಪ್ಪನವರು. ಆಮೇಲೆ ಕೇಳಿದರು: “ಅಲ್ಲಪಾ, ನನಗೊಂದ್ ತಿಳಿಯಂಗಿಲ್ಲ. ಕಂಪನಿ ನಿಮ್ಮ ಔರಂಗಾಬಾದಿಂದು. ಹೆಂಡ್ತಿ ಮಗಳು ನಾಸಿಕದಾಗ. ಇವಾ ಮುಂಬೈದಾಗ ಕೂತು ಏನ್ ಮಾಡ್ತಿದ್ದ? ಮಂದಿ ಮುಂಬೈಕ್ಕ ಹೋಗೂದು ಮುಂಬೈ ಪಗಾರಕ್ಕ. ಶೇಂದ್ರಾದ ಪಗಾರ ತಗೊಂಡು ಮುಂಬೈ ಬಾಡಿಗಿ ಕೊಟ್ಟಾಂವ ಇವನೊಬ್ಬನ.”

“ಕರೆಂಟಿಗ್ರಿ,” ಎಂದ ನರಹರಿ.

“ಹಾಂ?”

“ಮುಂಬೈದಾಗ ಕರೆಂಟ್ ಹೋಗಂಗಿಲ್ಲಲ್ರಿ. ಅದಕ್ಕ.”

*

ಅದು ಲೋಡ್‌ಶೆಡ್ಡಿಂಗಿನ ಕಾಲ; ಮುಂಬೈ ಬಿಟ್ಟರೆ ಮಹಾರಾಷ್ಟ್ರದ ಹೆಚ್ಚಿನ ಊರುಗಳಲ್ಲಿ ದಿನಾ ತಾಸುಗಟ್ಟಲೆ ಕರೆಂಟು ತೆಗೆಯುತ್ತಿದ್ದರು. ಈಗ ಛತ್ರಪತಿ ಸಂಭಾಜಿನಗರ ಎನ್ನುವ ಊರಿಗೆ ಆಗ ಔರಂಗಾಬಾದೆಂದೇ ಬಸ್ಸಿನ ಫಲಕ ಇರುತ್ತಿತ್ತು. ಅವಿನಾಶ ಅಂಬಡದ ಒಂದು ಸಣ್ಣ ಕಾರಖಾನೆಯಲ್ಲಿ ಯಂತ್ರಭಾಗಗಳ ನಕ್ಷೆ ಬರೆಯುತ್ತಿದ್ದ. ಮಾಲೀಕರು ಕಾರಖಾನೆಯನ್ನು ಶೇಂದ್ರಾಕ್ಕೆ ಎಬ್ಬಿಸಿಕೊಂಡು ಹೋದಾಗ ಯಂತ್ರ ನಡೆಸುವವರನ್ನಷ್ಟೇ ಕರೆದೊಯ್ದರು. ನಕ್ಷೆ ಬರೆಯುವವರಿಗೆ ಅಲ್ಲಿ ಕುರ್ಚಿ ಇರಲಿಲ್ಲ. “ಎಲ್ಲಿಯಾದರೂ ಕೂತು ಬರಿ, ಹೇಳಿದ ಹೊತ್ತಿಗೆ ಕಂಪ್ಯೂಟರಿನಲ್ಲಿ ಕಳಿಸು, ಕೂರುವ ಜಾಗದ ಚಿಂತೆ ನಿನ್ನದು,” ಎಂದರು.

ಮೊದಲು ಅವನಿಗೆ ಖುಷಿಯೇ ಆಗಿತ್ತು. ಮನೆಯ ಮೂಲೆಯಲ್ಲಿ ಟೇಬಲ್ಲು ಹಾಕಿದ. ಹೆಂಡತಿ ಮಂಗಲಾ ಗಳಿಗೆಗೊಮ್ಮೆ ಚಹಾ ಕೊಟ್ಟಳು. ಆದರೆ ಬೆಳಿಗ್ಗೆ ಕರೆಂಟು ಹೋದರೆ ಮಧ್ಯಾಹ್ನ ಬರುತ್ತಿತ್ತು, ಸಂಜೆ ಮತ್ತೆ ಹೋಗುತ್ತಿತ್ತು. ಇನ್ವರ್ಟರು ಕುಂಯ್ ಕುಂಯ್ ಎಂದು ಅತ್ತು ಮಲಗುತ್ತಿತ್ತು. ಅದು ಎಚ್ಚರಿದ್ದರೂ ಇಂಟರ್‌ನೆಟ್ಟು ಸತ್ತಿರುತ್ತಿತ್ತು. ಒಂದು ಸಲ ನಕ್ಷೆ ಹೊತ್ತಿಗೆ ಮುಟ್ಟದೆ ಶೇಂದ್ರಾದಲ್ಲಿ ಯಂತ್ರಗಳು ಇಡೀ ಪಾಳಿ ಸುಮ್ಮನೆ ನಿಂತವು. ಮಾಲೀಕರು ಬೈಯಲಿಲ್ಲ. ಇನ್ನೊಂದು ಸಲ ಹೀಗಾದರೆ ಬೇರೆಯವರನ್ನು ನೋಡುತ್ತೇನೆ ಎಂದರು.

“ಅಪ್ಪಾ, ನಾ ಮುಂಬೈಗೆ ಹೋಗ್ತೀನಿ. ಅಲ್ಲಿ ಕರೆಂಟ್ ಹೋಗಂಗಿಲ್ಲ,” ಎಂದ ಒಂದು ಸಂಜೆ, ಮೇಣದಬತ್ತಿಯ ಬೆಳಕಿನಲ್ಲಿ ಊಟ ಮಾಡುತ್ತ.

“ಕರೆಂಟಿಗಂತ ಯಾರರ ಊರ ಬಿಡ್ತಾರೇನೋ ಹುಚ್ಚಾ?”

“ನೀರಿಗಂತ ಬಿಟ್ಟಾರಲ್ಲಪ್ಪಾ. ಇದೂ ಹಂಗ.”

“ಅಲ್ಲಿ ಇರಾಕ ಜಾಗಾ?”

“ಒಂದ್ ಖೋಲಿ ನೋಡೀನಿ. ನನಗೊಬ್ಬಗ ಸಾಕು.”

ಆ ಖೋಲಿಯನ್ನು ಗುರುಸಿದ್ದಪ್ಪನವರು ನೋಡಲಿಲ್ಲ. ಒಮ್ಮೆ ಹೊರಟು ನಿಂತಾಗ, ಬಣ್ಣ ಹಚ್ಚುತ್ತಿದ್ದಾರೆ, ಈಗ ಬೇಡ ಎಂದ. ಇನ್ನೊಮ್ಮೆ, ನಾನೇ ಬರುತ್ತೇನೆ ಎಂದ. ಬರುತ್ತಿದ್ದ. ಬಂದವನೇ ಪಡಸಾಲೆಯಲ್ಲಿ ಗೋಡೆಯಿಂದ ಹೊಸ್ತಿಲವರೆಗೆ ಉದ್ದಕ್ಕೆ ಮಲಗಿಬಿಡುತ್ತಿದ್ದ. ಮಂಗಲಾ ಕೊಡ ಹೊತ್ತು ಅವನ ಕಾಲು ದಾಟಿಕೊಂಡು ಓಡಾಡುತ್ತಿದ್ದಳು. ಗುರುಸಿದ್ದಪ್ಪನವರು ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಗದರುತ್ತಿದ್ದರು: “ಎದ್ದು ಜಳಕಾ ಮಾಡಿ ಲಿಂಗಕ್ಕ ನೀರ್ ಹಾಕೋ. ಎಮ್ಮಿ ಬಿದ್ದಾಂಗ ಬಿದ್ದೀಯಲ್ಲ.”

“ಏಳ್ತೀನಪ್ಪಾ. ಇನ್ನೊಂದ್ ಸ್ವಲ್ಪ,” ಎಂದು ಅವನು ಕಣ್ಣುಮುಚ್ಚಿಕೊಂಡೇ ಹೇಳುತ್ತಿದ್ದ. ಹೇಳಿ ಕಾಲನ್ನು ಇನ್ನಷ್ಟು ಚಾಚುತ್ತಿದ್ದ.

*

ಬಿಸಿಲು ಇಳಿಯತೊಡಗಿತು. ವಿಧಿ ನಡೆಸಲು ಬಂದಿದ್ದ ಮಠದ ಅಯ್ಯನವರು ಎರಡು ಸಲ ಆಕಾಶ ನೋಡಿದರು. ಸಾಯಬಣ್ಣ ಗುರುಸಿದ್ದಪ್ಪನವರ ಕಿವಿಯ ಹತ್ತಿರ ಬಗ್ಗಿ ಹೇಳಿದ:

“ಅಪ್ಪಾರ, ಒಂದ ಹಾದಿ ಐತ್ರಿ. ನಾನೂ ನನ್ನ ಆಳೂ ಕೂಡಿ ಎರಡೂ ಮೊಣಕಾಲಿಗೆ ಜೋರ್ ಹಚ್ತೀವಿ. ಸಪ್ಪಳ ಬರತೈತಿ. ಆಮ್ಯಾಲ ಹೆಂಗ್ ಬೇಕಾದಂಗ ಕೂಡತೈತಿ. ಹೆಣ್ಣಮಕ್ಕಳನ್ನ ಒಳಗ ಕಳಸ್ರಿ.”

ಗಂಡನ ತಲೆಯ ಬಳಿ ಕೂತಿದ್ದ ಮಂಗಲಾಗೆ ಅದು ಕೇಳಿಸಿತು, ಸಪ್ಪಳ ಎಂದರೇನೆಂದೂ ತಿಳಿಯಿತು. ಸೆರಗು ಬಾಯಿಂದ ತೆಗೆದು, “ಮುಟ್ಟಬ್ಯಾಡ್ರಿ ಅವರನ್ನ,” ಎಂದಳು. “ಮಾಂವಾರ, ನಿಮ್ಮ ಕಾಲಿಗಿ ಬೀಳ್ತೀನಿ, ಮುರಸಬ್ಯಾಡ್ರಿ. ದವಾಖಾನ್ಯಾಗ ಕೊಯ್ದಿದ್ದು ಸಾಲದೇನು?”

“ನಮ್ಮಪ್ಪ ಕೂತು ಹ್ವಾದ,” ಎಂದರು ಗುರುಸಿದ್ದಪ್ಪನವರು. “ನಮ್ಮವ್ವ ಕೂತು ಹ್ವಾದಳು. ಇವನ ತಾಯಿ ಸುಭದ್ರಾನ ಇದೇ ಊರಾಗ ನಾನೇ ಕೂಡಿಸಿ ಕಳಿಸೀನಿ. ಅಂಗೈಯಾಗ ಲಿಂಗ ಹಿಡದು, ಪೂಜಿಗೆ ಕೂತಾಂಗ ಶಿವನ ಮುಂದ ಹೋಗಬೇಕು. ಹೆತ್ತಾಂವ ನಾ ಬದಕಿರೂದು ಅದನ್ನರ ಮಾಡಾಕ. ಇವನೊಬ್ಬ ದಿಕ್ಕಿಲ್ಲದವನಾಂಗ ಮಲಗಿ ಹೋಗಬೇಕೇನು?”

ಅವರು ಅಯ್ಯನವರ ಕಡೆ ನೋಡಿದರು. ಅಯ್ಯನವರು ತಲೆ ತಗ್ಗಿಸಿಕೊಂಡೇ ಹೇಳಿದರು: “ಕೂಡಿಸೂದು ಪದ್ಧತಿ, ಖರೇ. ಆದ್ರ ಲಿಂಗ ಕೈಯಾಗ ಇದ್ರ ಮಲಗಿದ್ರೂ ಐಕ್ಯ ಆಗ್ತೈತಿ. ಕೂಡಿಸ್ರಿ ಅಂತನೂ ನಾ ಅನ್ನಂಗಿಲ್ಲ, ಬ್ಯಾಡ ಅಂತನೂ ಅನ್ನಂಗಿಲ್ಲ. ಮಗಾ ನಿಮ್ಮಾಂವ.”

ಗುರುಸಿದ್ದಪ್ಪನವರು ಬಹಳ ಹೊತ್ತು ಮಗನ ಮುಖ ನೋಡಿದರು. ಆಮೇಲೆ ಸಾಯಬಣ್ಣನಿಗೆ, “ಕರಿ ನಿನ್ನ ಆಳನ್ನ,” ಎಂದರು.

ಹೆಂಗಸರನ್ನು ಒಳಗೆ ಕಳಿಸತೊಡಗಿದರು. ಮಂಗಲಾಳನ್ನು ಇಬ್ಬರು ಹಿಡಿದು ಎಬ್ಬಿಸಿದರು. ಎಲ್ಲರೂ ಸರಿದರೂ ಒಬ್ಬ ಮುದುಕಿ ಮಾತ್ರ ಹೊಸ್ತಿಲಲ್ಲೇ ನಿಂತಿದ್ದಳು. ದೇಹದ ಜೊತೆ ಆಂಬುಲೆನ್ಸಿನಲ್ಲಿ ಮುಂಬೈಯಿಂದ ಬಂದ ರುಕ್ಮಿಣಿಬಾಯಿ, ಅವಿನಾಶ ಬಾಡಿಗೆಗಿದ್ದ ಮನೆಯ ಒಡತಿ. ಬಂದಾಗಿನಿಂದ ಯಾರ ಜೊತೆಗೂ ಮಾತಾಡಿರಲಿಲ್ಲ. ಮರಾಠಿಯವಳೆಂದು ಎಲ್ಲರೂ ತಿಳಿದಿದ್ದರು.

“ನೀವೂ ಒಳಗ ಹೋಗ್ರಿ ಬಾಯಿ,” ಎಂದರು ಚನಬಸಪ್ಪನವರು.

“ನಾ ಹೋಗಂಗಿಲ್ಲ,” ಎಂದಳು ಅವಳು ಕನ್ನಡದಲ್ಲಿ. “ನಾನೂ ಸೊಲ್ಲಾಪುರದಾಕಿ. ನೀವಾಡಿದ್ದೆಲ್ಲಾ ತಿಳೀತು. ಹಿರ್‍ಯಾರ, ನಿಮ್ಮ ಮಗ ನಮ್ಮನ್ಯಾಗ ಎಲ್ಲಿ ಇದ್ದ, ಗೊತ್ತೈತೇನು ನಿಮಗ?”

“ಖೋಲಿಯಾಗ,” ಎಂದರು ಗುರುಸಿದ್ದಪ್ಪನವರು.

“ಖೋಲಿ ಎಲ್ಲೀದು ತಂದ್ರಿ? ಮನಿ ಮುಂದಿನ ಗ್ಯಾಲರಿ ಅದು. ಸುತ್ತ ತಗಡಿನ ಪತ್ರಾ ಹೊಡದೀವಿ, ಮ್ಯಾಲೊಂದ್ ಪಂಖಾ. ಟೇಬಲ್ ಇಟ್ರ ಒಂದ್ ಕುರ್ಚಿ ಹಿಡಿತೈತಿ. ಮಲಗೂ ಮುಂದ ಕುರ್ಚಿ ಎತ್ತಿ ಟೇಬಲ್ ಮ್ಯಾಲ ಇಡಬೇಕು. ಅಷ್ಟು ಮಾಡಿದ್ರೂ ಅಂವನ ಕಾಲು ಪತ್ರಾಕ್ಕ ಬಡಿತಿದ್ವು, ಧಡಾಲ್ ಅಂತ. ಬಾಜೂದವರು ಬೈದ್ರು. ಅವತ್ತಿನಿಂದ ಮೊಣಕಾಲು ಎದಿಗಿ ಹಚಕೊಂಡು ಮಲಗಾಕ ಹತ್ತಿದ. ಆಮ್ಯಾಲ ಅದನ್ನೂ ಬಿಟ್ಟ. ಕುರ್ಚಿ ಎತ್ತೂದ್ಯಾಕ, ಹಾಸೂದ್ಯಾಕ ಅಂತ ಕೂತಲ್ಲೇ ಟೇಬಲ್‌ಗೆ ತಲಿ ಇಟ್ಟು ನಿದ್ದಿ ಮಾಡ್ತಿದ್ದ.”

ಅವಳು ಹೊಸ್ತಿಲು ದಾಟಿ ಒಂದು ಹೆಜ್ಜೆ ಮುಂದೆ ಬಂದಳು.

“ಒಮ್ಮಿ ಅಂದ್ನಿ, ಅವಿನಾಶಾ, ನಮ್ಮ ಹಾಲ್‌ನಾಗ ಬಂದು ಮಲಗೋ ಅಂತ. ಸೊಸಿ ಮೊಮ್ಮಕ್ಕಳು ಇರೂ ಜಾಗಾ, ಬ್ಯಾಡ ಮಾವಶಿ ಅಂದ. ಬಾಡಿಗಿ ತಗೊಂಡಾಕಿ ನಾನು, ಸುಳ್ಳ್ಯಾಕ ಹೇಳ್ಲಿ. ಮುಂಬೈದಾಗ ಆ ಗ್ಯಾಲರಿಗೂ ಮಂದಿ ಪಾಳೆ ಹಚ್ಚಿ ನಿಂತಿರ್ತಾರ. ಮೊನ್ನಿ ಮುಂಜಾನಿ ಚಾ ಒಯ್ದ್ನಿ. ಕೂತಿದ್ದ. ಮಲಗ್ಯಾನಂತ ಚಾ ಅಲ್ಲೇ ಇಟ್ಟು ಬಂದ್ನಿ. ಮಧ್ಯಾನ್ನಕ್ಕ ನೋಡ್ತೀನಿ, ಚಾ ಹಂಗ ಐತಿ.” ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ದವಾಖಾನಿಯವರ ಬಂದು ಎತ್ತಿ ಮಲಗಿಸಿದ್ರು ನೋಡ್ರಿ, ಆವಾಗ ನೆಟ್ಟಗಾದ. ಈಗ ನೀವು ಎಲಬು ಮುರದು ಮತ್ತ ಕೂಡಸ್ತೀವಿ ಅಂತೀರಿ.”

ಸಾಯಬಣ್ಣನ ಆಳು ಬಾಗಿಲಿಗೆ ಬಂದು ನಿಂತಿದ್ದ. ಸಾಯಬಣ್ಣ ಗುರುಸಿದ್ದಪ್ಪನವರ ಮುಖ ನೋಡಿದ.

ಅವರು ಮಗನ ಕಾಲ ಬಳಿ ಕೂತಿದ್ದರು. ಹಿಮ್ಮಡಿಗಳು ಚಾಪೆ ದಾಟಿ ಬರಿನೆಲದ ಮೇಲಿದ್ದವು. ಅವರು ತಮ್ಮ ಹೆಗಲ ಮೇಲಿನ ವಸ್ತ್ರ ತೆಗೆದು ಮಡಚಿ ಹಿಮ್ಮಡಿಯ ಕೆಳಗೆ ಇಟ್ಟರು.

“ಹೋಗೋ,” ಎಂದರು ಆಳಿಗೆ. “ಬಿಡು ಸಾಯಬಣ್ಣ. ಕೂತಿದ್ದು ಸಾಕು ಅಂವ.”

“ಗುರುಸಿದ್ದಪ್ಪ, ವಿಚಾರ ಮಾಡಿ ಹೇಳು,” ಎಂದರು ಚನಬಸಪ್ಪನವರು. “ವಿಮಾನ ಕಟ್ಟೇತಿ. ನಾಳೆ ನಾಕ ಮಂದಿ ನಾಕ ಮಾತು...”

“ಬಿಚ್ಚಿ ಉದ್ದಕ ಕಟ್ಟಸು. ಮಂದಿಗಿ ನಾ ಹೇಳ್ತೀನಿ.”

ವಿಮಾನ ಬಿಚ್ಚಿದರು. ಅದೇ ಬಿದಿರು, ಅದೇ ಹಗ್ಗ. ಕುರ್ಚಿಯನ್ನು ಗೋಡೆಗೆ ಸರಿಸಿಟ್ಟರು. ಚೆಂಡುಹೂವಿನ ಸರಗಳು ಉದ್ದಕ್ಕೆ ಸಾಲದೆ ಬಂದವು. ಮಂಗಲಾ ಬಂದು ಗಂಡನ ಪಾದಗಳ ಮೇಲೆ ಹಣೆ ಇಟ್ಟಳು. ಈ ಸಲ ಯಾರೂ ಅವಳನ್ನು ಎಬ್ಬಿಸಲಿಲ್ಲ.

*

ರುದ್ರಭೂಮಿಯಲ್ಲಿ ಕುಣಿ ಚೌಕವಾಗಿ, ಆಳವಾಗಿ ಸಿದ್ಧವಾಗಿತ್ತು. ಕೂತವನಿಗೆ ತೋಡಿದ್ದು. ಅದರ ಒಂದು ಗೋಡೆಯನ್ನು ಮತ್ತೆ ಕಡಿಯಬೇಕೆಂದಾಗ ಆಳುಗಳು ಸಾಯಬಣ್ಣನ ಮೇಲೆ ಹರಿಹಾಯ್ದರು.

“ಮುಂಜಾನಿನ ಹೇಳಾಕ ಏನಾಗಿತ್ತು? ಕೆಳಗ ಗಟ್ಟಿ ಮುರುಮ್ ಐತಿ, ಹೊಡದ ಹಾರಿ ವಾಪಸ್ ಜಿಗೀತೈತಿ!”

“ಮುಂಜಾನಿ ನನಗೇನ್ ಕನಸ ಬಿದ್ದಿತ್ತೇನಲೇ? ಹಚ್ಚು ಕೈ,” ಎಂದು ಸಾಯಬಣ್ಣ ತಾನೇ ಪಂಜೆ ಎತ್ತಿ ಕಟ್ಟಿ ಇಳಿದ.

ಗುರುಸಿದ್ದಪ್ಪನವರು ಅಂಚಿನಲ್ಲಿ ಮಣ್ಣಿನ ಮೇಲೆ ಕೂತರು. ಹಾರೆಯ ಪ್ರತಿ ಏಟಿಗೂ ಕೆಂಪು ಹೆಂಟೆ ಉದುರಿತು. ಅಯ್ಯನವರು ವಿಭೂತಿಯ ತಟ್ಟೆ, ಬಿಲ್ವಪತ್ರೆ ಹಿಡಿದು ಕಾದರು. ನರಹರಿಯ ಮೊಬೈಲು ಒಮ್ಮೆ ಗುರುಗುಟ್ಟಿತು. ಅವನು ನೋಡಿ ಆರಿಸಿ ಕಿಸೆಗೆ ಹಾಕಿಕೊಂಡ.

ಸಾಯಬಣ್ಣ ಕೋಲಿನಿಂದ ಅಳೆದು ತಲೆಯೆತ್ತಿದ. “ಆತ್ರಿ ಅಪ್ಪಾರ. ಹಿಡಿತೈತಿ.”

“ಇನ್ನೊಂದ್ ಗೇಣು ತೆಗಿ.”

“ಬ್ಯಾಡ್ರಿ, ಅಳತಿ ನೋಡೀನಿ. ಸರಿಯಾಗೇತಿ.”

“ಸರಿಯಾದ್ರ ಬಡಿತಾವು. ಇನ್ನೊಂದ್ ಗೇಣು.”

ಸಾಯಬಣ್ಣ ಬೆವರು ಒರೆಸಿಕೊಂಡು ಮತ್ತೆ ಹಾರೆ ಎತ್ತಿದ.

ದೇಹವನ್ನು ಇಳಿಸಿದರು. ಅಯ್ಯನವರು ಎಡ ಅಂಗೈಯಲ್ಲಿ ಲಿಂಗವಿಟ್ಟು, ಆ ಕೈಯನ್ನು ಎದೆಯ ಮೇಲೆ ತಂದಿಟ್ಟರು. ಪತ್ರೆ ಬಿದ್ದವು, ವಿಭೂತಿ ಬಿತ್ತು, ಉಪ್ಪು ಬಿತ್ತು. ಗುರುಸಿದ್ದಪ್ಪನವರು ಮೊದಲ ಹಿಡಿ ಮಣ್ಣು ಹಾಕಿದರು. ಬಳಿಕ ಎಲ್ಲರೂ ಎರಡೂ ಕೈಯಿಂದ ತಳ್ಳತೊಡಗಿದರು. ಮಣ್ಣು ಎದೆಯನ್ನು ಮುಚ್ಚಿತು, ಮೊಣಕಾಲುಗಳನ್ನು ಮುಚ್ಚಿತು. ಕೊನೆಯವರೆಗೆ ಪಾದಗಳೆರಡು ಕಾಣುತ್ತಿದ್ದವು, ಬೆರಳುಗಳು ಮೇಲಕ್ಕಿದ್ದವು. ಪಾದಗಳಿಂದಾಚೆ, ಹೊಸದಾಗಿ ಕಡಿದ ಕೆಂಪು ಗೋಡೆಯವರೆಗೆ, ಒಂದು ಗೇಣು ನೆಲ ಖಾಲಿ ಇತ್ತು.